ಅತ್ತೆ ಅಧ್ಯಕ್ಷಗಿರಿ ಬಿಟ್ಟ ವರ್ಷ

ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ ಅತ್ತೆ ಹಾವೇರಿಯಿಂದ ಮಧ್ಯಾಹ್ನವೇ ಬ್ಯಾಡಗಿಗೆ ವಾಪಸು ಬಂದರು. ಎಣಿಕೆ ಇನ್ನೂ ನಡೆದೇ ಇತ್ತು, ಆದರೆ ನಮ್ಮ ಪಕ್ಷದ ಮಟ್ಟಿಗೆ ಮುಗಿದು ಹೋಗಿತ್ತು. ಕಾರನ್ನು ಕಾರ್ಯಕರ್ತರಿಗೆ ಬಿಟ್ಟು ತಾವು ಬಸ್ಸು ಹತ್ತಿ ಬಂದಿದ್ದರು. ಕಾಲು ತೊಳೆದುಕೊಂಡು, ಟಿ.ವಿ. ಮುಂದೆ ತಲೆಗೆ ಕೈ ಹೊತ್ತು ಕೂತಿದ್ದ ಮಗನನ್ನು ದಾಟಿ, ನೇರ ಅಡುಗೆಮನೆಗೆ ಬಂದರು.

"ಏನ್ ಮಾಡೀದಿ?"

"ರೊಟ್ಟಿ, ಬದ್ನಿಕಾಯಿ ಪಲ್ಲೆ ಐತ್ರಿ."

"ಹಾಕು. ಮುಂಜಾನಿಂದ ಬರೇ ಚಾ ಕುಡ್ದೇನಿ."

ಗೋಡೆಗೆ ಒರಗಿ ಕೂತು ನಿಧಾನವಾಗಿ ಉಂಡರು. ಕೈ ತೊಳೆಯುವ ಮೊದಲು, ಪಲ್ಲೆಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು: "ಈ ಅಧ್ಯಕ್ಷಗಿರಿ ಬಿಡತೇನವಾ. ಸಾಕಾತು."

ನಮ್ಮ ಅತ್ತೆ ಒಂದು ಸಣ್ಣ ಪಕ್ಷದ ಜಿಲ್ಲಾಧ್ಯಕ್ಷೆ. ನಾನು ಈ ಮನೆಗೆ ಮದುವೆಯಾಗಿ ಬರುವ ಮೊದಲಿನಿಂದಲೂ ಅವರೇ. ಮಾವನವರು ಬದುಕಿದ್ದ ಕಾಲದಲ್ಲಿ, ಒಂದು ಬೇಸಿಗೆ, ಊರ ಹೊರಗಿನ ಕಣಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೂರಲು ನೆರಳು ಬೇಕು ಎಂದು ಅವರನ್ನೆಲ್ಲ ಕಟ್ಟಿಕೊಂಡು ರಸ್ತೆಗೆ ಕೂತಿದ್ದರಂತೆ. ನೆರಳು ಸಿಕ್ಕಿತು, ಜೊತೆಗೆ ರಾಜಕೀಯವೂ ಗಂಟುಬಿತ್ತು. ಎಲ್ಲರೂ ಅವರನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದರು. ಹಿಂದಿನ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ನಮ್ಮವರು ಸೋತಿದ್ದರು. ಈಗ ಇದು. ಸೋಲು ನಮಗೆ ಹೊಸದಲ್ಲ, ಆದರೆ ಈ ಸಲ ನಮ್ಮವೇ ಅನ್ನಿಸಿದ್ದ ಓಣಿಗಳೂ ಕೈಬಿಟ್ಟಿದ್ದವು.

ಸುದ್ದಿ ಹಬ್ಬಿದ ಮೇಲೆ ಮನೆಗೆ ಜನವೋ ಜನ. ಚಹಾದ ಪಾತ್ರೆ ಒಲೆ ಇಳಿಯಲಿಲ್ಲ. ಬಂದವರೆಲ್ಲ ಬಿಡಬೇಡಿ ಎನ್ನುವವರೇ. ಹೆಚ್ಚು ಜಗಳ ತೆಗೆದವರು ರಾಣೆಬೆನ್ನೂರಿನ ಒಬ್ಬ ಹಿರಿಯ ದರ್ಜಿ. ಪಕ್ಷದ ಧ್ವಜಗಳನ್ನೆಲ್ಲ ಹೊಲಿಯುತ್ತಿದ್ದವರು ಅವರೇ, ನಮಗೆಲ್ಲ ಚಾಚಾ.

"ಅಕ್ಕಾ, ಸೋಲೂದು ನಮಗ ಹೊಸಾದೇನ್ರಿ? ನಾವು ಸೋತ ಬೆಳದವರು," ಎಂದರು ಚಾಚಾ.

"ಮೊದಲ ಸೋತಾಗೆಲ್ಲ ಯಾಕ ಸೋತ್ವಿ ಅಂತ ನನಗ ತಿಳೀತಿತ್ತ್ರಿ ಚಾಚಾ. ಈ ಸಲ ಖರೇನ ತಿಳೀವಲ್ದು. ಹೊಸಾ ಹುಡುಗ್ರ ಕೂಡ ಮಾತಾಡಾಕ ಹೋದ್ರ ನನ್ನ ಮಾತು ನನಗ ಹಳೇದ ಅನಸಾಕತ್ತೈತಿ. ಕಾರಣ ತಿಳೀದಾಕಿ ಮುಂದ ಕುಂದ್ರಬಾರ್ದು."

ಚಾಚಾ ಹೋಗುವಾಗ ನಮ್ಮ ಮನೆಯವರ ಹೆಗಲ ಮೇಲೆ ಕೈಯಿಟ್ಟು, "ಇನ್ನ ನೀನ ನೋಡಪಾ," ಅಂದರು. ಅವರೊಬ್ಬರೇ ಅಲ್ಲ, ಬಂದವರೆಲ್ಲರೂ ಹೊಸ್ತಿಲು ದಾಟುವಾಗ ಇವರಿಗೆ ಅದೇ ಮಾತು ಹೇಳಿ ಹೋದರು. ಇವರಿಗೆ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ, ಊರ ಹೊರಗೆ ಕಾಯಿ ಒಣಹಾಕುವ ಕಣವೂ ಇದೆ. ಚುನಾವಣೆ ಬಂದರೆ ಅಂಗಡಿಯನ್ನು ಗುಮಾಸ್ತರಿಗೆ ಬಿಟ್ಟು ಹಳ್ಳಿ ಹಳ್ಳಿ ತಿರುಗಿ, ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದರು. ಅಧ್ಯಕ್ಷಗಿರಿಯ ಆಸೆ ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಆ ವಾರ ಮುಖದಲ್ಲಿ ಒಂದು ಬಗೆಯ ಕಳೆ ಬಂದಿತ್ತು. ಅವ್ವನ ಕೆಲಸ ಮಗನಿಗೆ ಬರುವುದು ಎಲ್ಲರಿಗೂ ನ್ಯಾಯವಾಗಿಯೇ ಕಂಡಿತ್ತು, ನನಗೂ ಸಹ.

ಒಂದು ಭಾನುವಾರ ರಾಣೆಬೆನ್ನೂರಿನ ಕಲ್ಯಾಣ ಮಂಟಪವೊಂದರಲ್ಲಿ ಜಿಲ್ಲೆಯ ಕಾರ್ಯಕರ್ತರೆಲ್ಲ ಸೇರಿದರು. "ನೀನೂ ಬಾ" ಎಂದು ಅತ್ತೆ ನನ್ನನ್ನು ಕರೆದರು. ಅಷ್ಟು ವರ್ಷದಲ್ಲಿ ನನ್ನನ್ನು ಸಭೆಗೆ ಕರೆದದ್ದು ಅದೇ ಮೊದಲು. ವೇದಿಕೆಯ ಮೇಲೆ ಮದುವೆಯೊಂದರ ಹೂವಿನ ಚಪ್ಪರ ಹಾಗೇ ಇತ್ತು, ಒಣಗಿತ್ತು. ಅದರ ಕೆಳಗೆ ನಿಂತು ಅತ್ತೆ ಮಾತಾಡಿದರು. ಯಾರನ್ನೂ ಬೈಯಲಿಲ್ಲ, ಹಣಬಲ ಜಾತಿಬಲ ಎಂದು ನೆಪ ಹೇಳಲಿಲ್ಲ. ದುಡಿದವರು ನೀವು, ದಾರಿ ತೋರಿಸಬೇಕಾದವಳು ನಾನು, ದಾರಿ ತಪ್ಪಿದ್ದು ನನ್ನಿಂದ ಎಂದರು. ಮಾತು ಮುಗಿಯುವ ಮುಂಚೆಯೇ ಹಿಂದಿನ ಸಾಲಿನಿಂದ ಯಾರೋ ಕೂಗಿದರು:

"ಅಕ್ಕಾರ, ನಿಮ್ಮ ಮಗನ್ನ ಮಾಡಿ ಹೋಗ್ರಿ ಹಂಗಾರ!"

ಚಪ್ಪಾಳೆ ಬಿತ್ತು. ಇವರು ತಲೆ ತಗ್ಗಿಸಿ ಕೂತಿದ್ದರು, ಕಿವಿ ಕೆಂಪಾಗಿದ್ದವು. ಅತ್ತೆ ಚಪ್ಪಾಳೆ ನಿಲ್ಲುವವರೆಗೂ ಕಾದರು.

"ಅಂವ ನನ್ನ ಮಗ. ಅದರಾಗ ಅವಂದೇನೂ ತಪ್ಪಿಲ್ಲ. ಆದ್ರ ಅದೊಂದ ಕಾರಣಕ್ಕ ಅವನ್ನ ಆರಿಸಬ್ಯಾಡ್ರಿ. ಯಾರ್ಯಾರಿಗೆ ಮನಸೈತಿ ಅವರೆಲ್ಲಾ ನಿಲ್ಲಲಿ. ಚೀಟಿ ಹಾಕ್ರಿ. ಓಟ್ ಕೇಳಾಕ ಊರೂರು ಅಡ್ಡಾಡೋರು ನಾವು, ನಮ್ಮೊಳಗ ಓಟ್ ಹಾಕಾಕ ಯಾಕ ನಾಚಬೇಕು?"

ಹಾಗೆ ಹೇಳಿ ವೇದಿಕೆ ಇಳಿದು ಊಟದ ಹಾಲ್‌ಗೆ ನಡೆದೇಬಿಟ್ಟರು. ನಾನು ಹಿಂದೆ ಓಡಿದೆ. ಅಲ್ಲಿ ಅಡುಗೆಯ ಹೆಣ್ಣುಮಕ್ಕಳು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅತ್ತೆ ಅವರ ನಡುವೆ ಕೂತು ತಾವೂ ಸುಲಿಯತೊಡಗಿದರು. ಒಳಗಿನ ಗದ್ದಲ ಏರಿ ಇಳಿದು ಕೇಳುತ್ತಿತ್ತು. ಅವರು ತಲೆ ಎತ್ತಲಿಲ್ಲ, ಸುಲಿದ ಎಸಳುಗಳನ್ನು ಮಾತ್ರ ಬಹಳ ನೀಟಾಗಿ ಬುಟ್ಟಿಗೆ ಹಾಕುತ್ತಿದ್ದರು.

ಅಧ್ಯಕ್ಷಗಿರಿಗೆ ನಮ್ಮ ಮನೆಯವರ ಎದುರು ನಿಂತವಳು ಕರ್ಜಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬ ಹೆಣ್ಣುಮಗಳು. ಒಂದು ಸಲ ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದವಳು, ನನಗಿಂತ ಚಿಕ್ಕವಳು. ಸ್ಕೂಟಿಯ ಮೇಲೆ ಬಂದಿದ್ದಳು. ಅವಳೇ ಗೆದ್ದಳು. ಅಂತರ ದೊಡ್ಡದೇನೂ ಇರಲಿಲ್ಲ, ಅದಕ್ಕೇ ಇವರಿಗೆ ಹೆಚ್ಚು ಚುಚ್ಚಿತು. ಹೊಸ ಅಧ್ಯಕ್ಷೆಗೆ ಹಾರ ಹಾಕಿ ಕೈಮುಗಿದರು, ಅಷ್ಟು ಮರ್ಯಾದೆ ಕಳೆದುಕೊಳ್ಳಲಿಲ್ಲ. ಆಮೇಲೆ ಊಟಕ್ಕೂ ನಿಲ್ಲದೆ ಬೈಕ್ ಹತ್ತಿ ಹೋದರು.

ನಾವಿಬ್ಬರೂ ಬಸ್ಸಿಗೆ ಬಂದೆವು. ಕಿಟಕಿಯ ಪಕ್ಕ ಕೂತ ಅತ್ತೆ ಕೇಳಿದರು:

"ನಿನಗ ಓಟ್ ಇದ್ದಿದ್ರ ಯಾರಿಗೆ ಹಾಕ್ತಿದ್ದಿ?"

"ನಿಮ್ಮ ಮಗಗರಿ. ಮತ್ಯಾರಿಗೆ?"

ಅವರು ನಕ್ಕರು. "ನಾನೂ ಅವಗ ಹಾಕ್ತಿದ್ನೇನೋ. ಅದಕ್ಕ ಎದ್ದು ಹೊರಗ ಬಂದೆ."

ಆಮೇಲಿನ ದಿನಗಳು ಹಗುರವಾಗಿರಲಿಲ್ಲ. ಇವರು ಅವ್ವನ ಜೊತೆ ಮಾತು ಬಿಟ್ಟರು. ಬುತ್ತಿ ಕಟ್ಟಿಸಿಕೊಂಡು ಅಂಗಡಿಯಲ್ಲೇ ಉಣ್ಣುತ್ತಿದ್ದರು. ಅತ್ತೆ ರಮಿಸಲು ಹೋಗಲಿಲ್ಲ. "ಅವಗ ಸಿಟ್ಟು ಬರಬೇಕಾದ್ದ. ಬರಲಿ, ಇಳೀತೈತಿ," ಎನ್ನುತ್ತಿದ್ದರು. ಆದರೆ ಅವರದೇ ಸ್ಥಿತಿ ನೋಡಲಾಗುತ್ತಿರಲಿಲ್ಲ. ಫೋನು ಬಡಿದುಕೊಳ್ಳುವುದು ನಿಂತಿತ್ತು. ಒಂದು ಮುಂಜಾನೆ ನೋಡಿದರೆ, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದಾರೆ.

"ಎಲ್ಲಿಗೆ ಹೊಂಟೀರಿ ಅತ್ತಿ?"

"ಎಲ್ಲಿಗೂ ಇಲ್ಲವಾ. ಈ ಹೊತ್ತಿಗೆ ಹೊಂಟ ರೂಢಿ. ಕಾಲು ತಾವ ಬಂದ್ವು."

ನಾನು ಅವರ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಕರೆತಂದೆ. ಬಿಡುವುದು ಸರಿ ಎಂದು ಗೊತ್ತಿದ್ದರೂ ಬಿಟ್ಟಾಗ ನೋಯುತ್ತದೆ ಎನ್ನುವುದು ಆವತ್ತು ನನಗೆ ಕಂಡಿತು. ಅವರು ಅಳಲಿಲ್ಲ. ಆವತ್ತೆಲ್ಲ ಹಪ್ಪಳ ಮಾಡಿದರು, ಯಾರೂ ಕೇಳದೇ ಇದ್ದರೂ.

ಮಳೆಗಾಲ ಹಿಡಿದ ಮೇಲೆ ಹೊಸ ಅಧ್ಯಕ್ಷೆಯ ಫೋನು ಬಂತು. ಸಲಹೆ ಕೇಳಲು ಇರಬೇಕೆಂದು ಅತ್ತೆ ಗಂಟಲು ಸರಿಮಾಡಿಕೊಂಡರು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ಅಕ್ಕಾರ, ಕಾಗಿನೆಲೆ ಕಡೆ ಮನಿ ಮನಿಗೆ ಹೋಗೂದೈತ್ರಿ. ಬರ್ತೀರೇನು? ಆದ್ರ ಒಂದು ಮಾತು. ಭಾಷಣ ಬ್ಯಾಡ್ರಿ. ನಿಮಗೇನು ಬೇಕು ಅಂತ ಕೇಳೂದು, ಸುಮ್ಮನ ಕುಂದ್ರೂದು. ಅಷ್ಟ ಕೆಲಸ."

"ಚುನಾವಣಿನ ಇಲ್ಲಲ್ಲವಾ ಈಗ?"

"ಅದಕ್ಕ ಹೋಗೂದ್ರಿ."

ಫೋನಿಟ್ಟು ಅತ್ತೆ ನನ್ನ ಕಡೆ ನೋಡಿದರು. "ಸುಮ್ಮನ ಕುಂದ್ರಬೇಕಂತ! ನನಗ!" ಎಂದರು. ಆದರೆ ಮರುದಿನ ಎಲ್ಲರಿಗಿಂತ ಮೊದಲು ಎದ್ದು ತಯಾರಾದರು. ನಾನು ಮಕ್ಕಳಿಗೆ ಮನೆಪಾಠ ಹೇಳುವುದು ಸಂಜೆ, ಹಗಲು ಬಿಡುವು. ನಾನೂ ಹೊರಟೆ.

ಮೊದಲ ಎರಡು ಮನೆಗಳಲ್ಲಿ ಅತ್ತೆ ತಡೆಯಲಾರದೆ ಭಾಷಣ ಶುರು ಮಾಡಿದರು. ಹೊಸ ಅಧ್ಯಕ್ಷೆ ಮೆಲ್ಲಗೆ ಅವರ ಮೊಣಕೈ ಮುಟ್ಟಿದಳು. ಮೂರನೆಯ ಮನೆಯಲ್ಲಿ ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಕೂತರು. ಅಲ್ಲಿ ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದ ಒಬ್ಬ ಹುಡುಗಿ ಇದ್ದಳು, ಡಿಗ್ರಿ ಮುಗಿಸಿದವಳು. ಏನು ಬೇಕು ಎಂದು ಕೇಳಿದರೆ ಮೊದಲು ನಕ್ಕಳು, ಇವರು ಖರೇನೇ ಕೇಳುತ್ತಿದ್ದಾರೆಯೇ ಎನ್ನುವ ಹಾಗೆ.

"ಓಡಾಕ ಜಾಗ ಬೇಕ್ರಿ ಅಜ್ಜಿ."

"ಎಲ್ಲಿಗೆ ಓಡ್ತೀಯವಾ?"

"ಎಲ್ಲಿಗೂ ಇಲ್ರಿ. ಪೊಲೀಸ್ ನೌಕರಿಗೆ ಓಡಿ ತೋರಸಬೇಕಲ್ರಿ. ಹುಡುಗ್ರು ಎಲ್ಲೆರೆ ಓಡ್ತಾರ. ನಾವು ಹೆಣ್ಣುಹುಡುಗ್ಯಾರು ನಸಕಿನ್ಯಾಗ ರೋಡಿನ ಮ್ಯಾಲ ಓಡಿದ್ರ ಲಾರಿ ಅಂಜಿಕಿ, ನಾಯಿ ಅಂಜಿಕಿ, ಮಂದಿ ಮಾತಿನ ಅಂಜಿಕಿ. ಬ್ಯಾಡಗ್ಯಾಗ ರೂಮ್ ಮಾಡಿ ಓದೋ ಗೆಳತ್ಯಾರಿಗೂ ಇದ ತ್ರಾಸ."

ಆಮೇಲೆ ಹೋದ ಊರುಗಳಲ್ಲೂ ಈ ಮಾತು ಬೇರೆ ಬೇರೆ ಬಾಯಿಂದ ಬಂತು. ದೇವರಗುಡ್ಡದ ಕಡೆಯೂ ಕೇಳಿದೆವು. ಮನೆಗೆ ಮರಳುವಾಗ ಅತ್ತೆ ಅಂದರು: "ಇಷ್ಟು ವರ್ಷ ನೀರು, ರೋಡು, ಕರೆಂಟು ಅಂತ ನಾನ ಹೇಳಿಕೋತ ಹೋದೆ. ಓಡಾಕ ಜಾಗ ಬೇಕು ಅಂತ ಯಾರೂ ಹೇಳಿದ್ದಿಲ್ಲ. ಹೇಳಾಕ ನಾ ಬಿಟ್ರಲ್ಲ!" ಹೇಳಿ ತಮ್ಮಷ್ಟಕ್ಕೆ ತಾವೇ ನಕ್ಕರು. ಚುನಾವಣೆ ಮುಗಿದ ಮೇಲೆ ಅವರು ಹಾಗೆ ಮನಬಿಚ್ಚಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಈ ಸಂಗತಿಯನ್ನು ನಾನು ಇವರ ಮುಂದೆ ಸುಮ್ಮನೆ ಹೇಳಿದೆ, ಊಟ ಬಡಿಸುತ್ತ. ಆಗ ಇವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಲು ಶುರು ಮಾಡಿದ್ದರು, ಅವ್ವನ ಜೊತೆ ಬೇಕಾದಷ್ಟೇ ಮಾತು. ಇವರು ರೊಟ್ಟಿ ಮುರಿಯುತ್ತ ಯೋಚಿಸಿದರು. ಎರಡು ದಿನ ಬಿಟ್ಟು ತಾವಾಗಿಯೇ ಅತ್ತೆಯ ಮುಂದೆ ಬಂದು ನಿಂತರು.

"ಅವ್ವಾ, ನಮ್ಮ ಕಣ ಖಾಲಿ ಐತಿ. ಮೆಣಸಿನಕಾಯಿ ಬರೂತನಕ ಅಲ್ಲೇನ ಕೆಲಸ? ಸುತ್ತ ತಂತಿ ಬೇಲಿ ಐತಿ, ಗೇಟ್ ಐತಿ. ಆ ಹುಡುಗ್ಯಾರು ಅಲ್ಲೇ ಓಡಲಿ ಬಿಡು."

ಅತ್ತೆ ಮಗನ ಮುಖವನ್ನೇ ನೋಡಿದರು. "ನನ್ನ ಯಾಕ ಕೇಳ್ತಿ ತಮ್ಮಾ? ನಿಮ್ಮ ಅಧ್ಯಕ್ಷರಿಗೆ ಹೇಳು."

ಮತ್ತೆ ಗಾಯ ಕೆದಕಿದರಲ್ಲ ಎಂದುಕೊಂಡೆ ನಾನು. ಆದರೆ ಇವರು ಅಲ್ಲೇ ನಿಂತು ಫೋನು ತೆಗೆದರು. "ಅಧ್ಯಕ್ಷರ, ನಮಸ್ಕಾರ್ರೀ..." ಎಂದರು. ಆ ಮಾತು ಅವರ ಬಾಯಲ್ಲಿ ಮೊದಲ ಸಲ ಬಂದದ್ದು. ಒಮ್ಮೆ ಬಂದ ಮೇಲೆ ಸಲೀಸಾಯಿತು.

ಹುಡುಗಿಯರು ಓಡಲು ಬಂದ ಮೊದಲ ದಿನ ಒಂದು ತಮಾಷೆಯೇ ಆಯಿತು. ಒಂದು ಸುತ್ತು ಮುಗಿಯುವುದರೊಳಗೆ ಎಲ್ಲರಿಗೂ ಸೀನು. ನೆಲದ ಸಂದಿಯಲ್ಲಿ ಕೂತಿದ್ದ ಮೆಣಸಿನಕಾಯಿ ಘಾಟು ಮಳೆಗೂ ಹೋಗಿರಲಿಲ್ಲ, ಕಾಲಿನ ಹೊಡೆತಕ್ಕೆ ಎದ್ದು ಬಂತು. ಓಡುವವರು, ನಿಂತವರು, ಹೊಸ ಅಧ್ಯಕ್ಷೆ, ಎಲ್ಲರೂ ಸೀನಿ ಸೀನಿ ಕಣ್ಣಲ್ಲಿ ನೀರು. ಹುಟ್ಟಿದಾಗಿನಿಂದ ಬ್ಯಾಡಗಿಯಲ್ಲೇ ಇದ್ದ ಇವರೊಬ್ಬರು ಮಾತ್ರ ಆರಾಮಾಗಿ ನಿಂತು ನಗುತ್ತಿದ್ದರು. ಮರುದಿನ ನೀರಿನ ಟ್ಯಾಂಕರ್ ತರಿಸಿ ಕಣ ತೊಳೆಸಿದರು. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿದರು. ಚಾಚಾ ರಾಣೆಬೆನ್ನೂರಿನಿಂದ ಹುಡುಗಿಯರಿಗೆಲ್ಲ ಟ್ರ್ಯಾಕ್ ಪ್ಯಾಂಟ್ ಹೊಲಿದು ಕಳಿಸಿದರು. ಧ್ವಜದ ಬಟ್ಟೆ ಉಳಿದಿತ್ತೇನೋ ಎಂದು ನಾನು ಹೆದರಿದ್ದೆ. ಇಲ್ಲ, ಒಳ್ಳೆಯ ಕಪ್ಪು ಬಟ್ಟೆ.

ಹೊಸ ಅಧ್ಯಕ್ಷೆ ಅಲ್ಲಿ ಪಕ್ಷದ ಬ್ಯಾನರ್ ಕಟ್ಟಲು ಬಿಡಲಿಲ್ಲ. ಕೆಲವರು ಗೊಣಗಿದರು. "ಓಡಾಕ ಬಂದವರಿಗೆ ಓಡಾಕ ಬಿಡ್ರಿ," ಎಂದಳು. ಆಗ ಅವಳ ಪರವಾಗಿ ಮಾತಾಡಿದವರು ನಮ್ಮ ಮನೆಯವರು. ಈಗ ಅವರು ಬ್ಯಾಡಗಿ ತಾಲೂಕಿನ ಕೆಲಸ ನೋಡುತ್ತಾರೆ, ಅವಳೇ ಕೇಳಿಕೊಂಡು ಕೊಟ್ಟ ಕೆಲಸ. ಇಬ್ಬರೂ ಜಗಳವಾಡುತ್ತಾರೆ, ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತಾರೆ.

ಪಕ್ಷ ಎದ್ದು ನಿಂತಿತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ದೊಡ್ಡ ಚುನಾವಣೆ ಇನ್ನೂ ದೂರ ಇದೆ. ಆದರೆ ಸಭೆಗಳಿಗೆ ಈಗ ಹೊಸ ಮುಖಗಳು ಬರುತ್ತವೆ, ಅದರಲ್ಲೂ ಹುಡುಗಿಯರು. ಅವರು ಎದುರು ಮಾತಾಡುತ್ತಾರೆ. ಅತ್ತೆ ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಕೇಳಿದಾಗ ಮಾತ್ರ ಬಾಯಿ ತೆರೆಯುತ್ತಾರೆ. ತಡವಾಗಿ ಹೋದರೆ ಹೊಸ ಅಧ್ಯಕ್ಷೆ ಅವರಿಗೂ, "ಅಕ್ಕಾರ, ಟೈಮಿಗೆ ಬರ್ರಿ," ಅನ್ನುತ್ತಾಳೆ. ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕಳೆದ ತಿಂಗಳು ಕಾಗಿನೆಲೆಯ ಆ ಹುಡುಗಿ ಪೇಢೆ ತಗೊಂಡು ಮನೆಗೆ ಬಂದಳು. ಓಟದ ಪರೀಕ್ಷೆ ಪಾಸಾಗಿತ್ತು, ಇನ್ನೂ ಆದೇಶ ಕೈಗೆ ಬರಬೇಕು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಅಂದಳು:

"ಮುಂದಿನ ಸಲ ನಮ್ಮನಿ ಓಟೆಲ್ಲಾ ನಿಮಗರಿ ಅಜ್ಜಿ."

"ನಾ ಎಲ್ಲೆ ನಿಂತೇನವಾ?" ಅತ್ತೆ ಪೇಢೆ ಬಾಯಿಗಿಟ್ಟುಕೊಂಡು ನಕ್ಕರು. "ನಿಂತವರ ಮಾತು ಕೇಳಿ, ಸರಿ ಅನಿಸಿದವರಿಗೆ ಹಾಕು. ಈಗ ಕುಂದ್ರು, ಚಾ ಕುಡದು ಹೋಗು."

ನಾನು ಚಹಾ ಇಡಲು ಎದ್ದೆ. ಇವರು ಹುಡುಗಿಯ ಎದುರು ಕೂತು, ಅವಳ ಜೊತೆ ಓಡುತ್ತಿದ್ದ ಉಳಿದವರದು ಏನಾಯಿತು ಎಂದು ಒಬ್ಬೊಬ್ಬರದಾಗಿ ವಿಚಾರಿಸತೊಡಗಿದರು.