ಬೋರಲು ಮಲಗಿ ಕೇಳಿದ ಯುದ್ಧ

ಉಪ್ಪು ಹೆಚ್ಚಾಯಿತು, ತವರಿನವರು ಬಂದು ಕೂತರು ಎಂಬಂಥ ಮರ್ಯಾದಸ್ಥ ಕಾರಣಗಳಿಗೆ ನಾನೂ ನನ್ನ ಗಂಡನೂ ಜಗಳ ಆಡಿದ್ದು ಕಡಿಮೆ. ನಮ್ಮ ಜಗಳವೆಲ್ಲ ಕಾರ್ಟೂನಿನದು. ನಕ್ಷತ್ರಗಳಾಚೆ ಎಲ್ಲೋ ನಡೆಯುವ ಒಂದು ದೊಡ್ಡ ಕಥೆ. ಅದರಲ್ಲಿ ರಾಕೆಟ್ಟೂ ಇದೆ, ಮಂತ್ರಶಕ್ತಿಯೂ ಇದೆ, ಗುರು ಶಿಷ್ಯರಿದ್ದಾರೆ, ಸಿನಿಮಾ ಮೇಲೆ ಸಿನಿಮಾ ಬಂದರೂ ಮುಗಿಯುವ ಲಕ್ಷಣವಿಲ್ಲ. ಆ ಕಥೆಯೊಳಗಿನ ಒಂದೇ ಯುದ್ಧವನ್ನು ಎರಡು ಸಲ ಕಾರ್ಟೂನು ಮಾಡಿದ್ದಾರೆ. ಮೊದಲು ಬಂದದ್ದು ಕೈಯಿಂದ ಬಿಡಿಸಿದ ಚಿತ್ರಗಳದು. ಚುಟುಕು, ಮಾತು ಕಡಿಮೆ. ಕೆಲವು ವರ್ಷಗಳ ಮೇಲೆ ಬಂದದ್ದು ಕಂಪ್ಯೂಟರಿನಲ್ಲಿ ಮಾಡಿದ್ದು. ಅದು ಮುಗಿಯುವುದೂ ಇಲ್ಲ, ಬಾಯಿ ಮುಚ್ಚುವುದೂ ಇಲ್ಲ. ಮೊದಲನೆಯದು ನನ್ನ ಪಕ್ಷ, ಎರಡನೆಯದು ಅವರ ಪಕ್ಷ.

ನಾನು ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಡಿಸೈನ್ ಮಾಡುವವಳು. ದಿನವಿಡೀ ಕಂಪ್ಯೂಟರಿನಲ್ಲಿ ಅದೇ ಗಣಪತಿಯನ್ನು ಎಳೆದು ತಂದು ತಲೆಯ ಮೇಲೆ ಕೂರಿಸಬೇಕು, ಅದೇ ತೋರಣವನ್ನು ಅಂಟಿಸಬೇಕು. ಅದಕ್ಕೇ ಇರಬೇಕು, ಯಾರೋ ಕುಂಚ ಹಿಡಿದು ಎಳೆದ ಗೆರೆ ಕಂಡರೆ ನನ್ನ ಜೀವ ಅರಳುತ್ತದೆ. ನನ್ನ ಕಾರ್ಟೂನಿನಲ್ಲಿ ಹುಬ್ಬಿನ ಗೆರೆ ಒಂದಿಷ್ಟು ಬಾಗಿದರೆ ಸಾಕು, ಮನುಷ್ಯನಿಗೆ ಸಿಟ್ಟು ಬಂದಿದೆ ಎಂದು ತಿಳಿಯುತ್ತದೆ. ಗಂಡನ ಕಾರ್ಟೂನಿನಲ್ಲಿ ಅದೇ ಮನುಷ್ಯ ತನಗೆ ಸಿಟ್ಟು ಬಂದಿದೆಯೆಂದು ಮೂವರಿಗೆ ಹೇಳಿ, ಸಭೆ ಕರೆದು, ಠರಾವು ಪಾಸು ಮಾಡಿಸಿ, ಆಮೇಲೆ ಕತ್ತಿ ತೆಗೆಯುತ್ತಾನೆ. ಗಾಳಿ ಬೀಸಲಿ ಬಾಂಬು ಬೀಳಲಿ, ಅವನ ಒಂದು ಕೂದಲೂ ಅಲುಗುವುದಿಲ್ಲ. ಕಿನ್ನಾಳದ ಮರದ ಗೊಂಬೆ ಎನ್ನೋಣವೆಂದರೆ ಕಿನ್ನಾಳದವರಿಗೆ ಅವಮಾನ ಮಾಡಿದಂತಾದೀತು.

ನನ್ನ ಗಂಡ ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸುಪರ್‌ವೈಸರು. ಶಿಫ್ಟು ಮುಗಿಸಿ ಧಾರವಾಡದ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ವಾದಕ್ಕೆ ತಯಾರು.

"ನಿಂದರಾಗ ಬರೇ ಬಡದಾಟ. ಯಾರು, ಯಾಕ, ಏನೂ ತಿಳ್ಯಾಂಗಿಲ್ಲ. ನಮ್ಮದರಾಗ ಮನಷ್ಯಾರು ಅದಾರ."

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರ್ರೀ" ಎಂದು ನಾನು.

"ಮಾತು ಬಲ್ಲವಗ ಜಗಳ ಇಲ್ಲ ಅಂತನೂ ಅಂತಾರ" ಎಂದು ಅವರು. ಹೀಗೆ ಮಾತು ಬಲ್ಲ ಮನುಷ್ಯನ ಜೊತೆಗೇ ವರ್ಷಗಟ್ಟಲೆ ಜಗಳ ನಡೆಯಿತು, ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಆಗ ಅವ್ವನ ಕಣ್ಣಿನ ಕಥೆ ಬಂತು. ಅವ್ವ ಅಮ್ಮಿನಬಾವಿಯಲ್ಲಿ ಹಿಟ್ಟಿನ ಗಿರಣಿ ನಡೆಸಿದವಳು. ಗಿರಣಿಯನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನಾದರೂ ಅಲ್ಲಿ ಸ್ಟೂಲು ಹಾಕಿಕೊಂಡು ಕೂತು ಅಪ್ಪಣೆ ಕೊಡುವವಳು ಇವಳೇ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ಎಷ್ಟು ದೊಡ್ಡದಾಗಿದೆಯೆಂದರೆ ಗುಟ್ಟು ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅವಳ ಎಡಗಣ್ಣು ಹಿಂದೆಯೇ ಹೋಗಿತ್ತು. ಬೆಳಕು ನೆರಳು ಬಿಟ್ಟರೆ ಅದಕ್ಕೆ ಏನೂ ಕಾಣದು. ಕಳೆದ ಚಳಿಗಾಲದಲ್ಲಿ ಬಲಗಣ್ಣು ಕೂಡ ಕೈಕೊಟ್ಟಿತು. "ಕಣ್ಣಾಗ ಪರದಾ ಇಳದಂಗ ಆಗೇತಿ" ಎಂದು ಫೋನಿನಲ್ಲಿ ಹೇಳಿದಳು. ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆವು. ಕಣ್ಣಿನ ಹಿಂದಿನ ಪರದೆ ಕಳಚಿಕೊಂಡಿತ್ತು. ಅವತ್ತೇ ಆಪರೇಷನ್ ಆಯಿತು.

ಆಪರೇಷನ್ನಿಗಿಂತ ಅದರ ಮುಂದಿನದು ಕಷ್ಟ. ಕಣ್ಣಿನೊಳಗೆ ಗ್ಯಾಸಿನ ಗುಳ್ಳೆ ತುಂಬಿರುತ್ತಾರೆ. ಆ ಗುಳ್ಳೆ ಮೇಲೇರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ನೆಲದ ಕಡೆಗೇ ಇರಬೇಕು. ಮಲಗುವಾಗ, ಕೂರುವಾಗ, ಉಣ್ಣುವಾಗ, ಒಂದು ವಾರ ಪೂರ್ತಿ.

"ಅಮ್ಮಾರ, ನಿಮಗ ಇದೊಂದ ಕಣ್ಣು ಉಳದೈತ್ರಿ. ತಲಿ ಎತ್ತಬ್ಯಾಡ್ರಿ" ಎಂದರು ಡಾಕ್ಟರು.

"ಆತ್ರಿ" ಎಂದಳು ಅವ್ವ, ತಲೆ ಎತ್ತಿ.

ಧಾರವಾಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿ, ಹಣೆಗೆ ದಿಂಬು ಕೊಟ್ಟು, ಮುಖ ಮಂಚದ ಅಂಚಿನಿಂದ ಆಚೆ ನೆಲ ನೋಡುವಂತೆ ಅವಳನ್ನು ಬೋರಲು ಮಲಗಿಸಿದೆವು. ಬಲಗಣ್ಣಿಗೆ ಪಟ್ಟಿ. ನೋವಿಗೆ ಅವಳು ಹಾ ಹೂ ಎನ್ನಲಿಲ್ಲ. ಅವಳಿಗೆ ತಡೆಯಲಾಗದ್ದು ಬಂದವರಿಗೆ ಬೆನ್ನು ತೋರಿಸಿ ಮಲಗುವುದು. ನಮ್ಮ ಕಡೆ ಬಂದವರ ಮುಖ ನೋಡದೆ 'ಬರ್ರಿ' ಎಂದರೆ ಅದು ಬೈದದ್ದಕ್ಕೆ ಸಮ. ಬಾಗಿಲಿನ ಸದ್ದಾಗುವುದೇ ತಡ, ಕತ್ತು ಮೇಲೆ. "ಬರ್ರಿ, ಬರ್ರಿ. ಕೂಡ್ರಿ. ಏ ತಂಗಿ, ಚಾ ಇಡು!" ಅವಳ 'ತಂಗಿ', ಅಂದರೆ ಮಗಳು ನಾನು, ಅಡುಗೆಮನೆಯಿಂದ ಓಡಿ ಬಂದು ಅವಳ ತಲೆಯನ್ನು ಕೆಳಗೆ ಒತ್ತುವುದು. ನೆರೆಯವರಿಗಷ್ಟೇ ಅಲ್ಲ, ಹಾಲಿನವನಿಗೂ ಅದೇ ಮರ್ಯಾದೆ, ಸಿಲಿಂಡರ್ ತಂದವನಿಗೂ ಅದೇ ಮರ್ಯಾದೆ.

ಮೊದಲ ದಿನವೇ ನನ್ನ ಸಿಟ್ಟು ನೆತ್ತಿಗೇರಿತು. "ಅವ್ವಾ, ನಿನಗ ಕಣ್ಣು ಬೇಕೋ, ಮರ್ಯಾದಿ ಬೇಕೋ?"

"ಎರಡೂ ಬೇಕು" ಎಂದಳು, ನೆಲದ ಫರ್ಸಿಕಲ್ಲಿಗೆ.

ನಕ್ಕೆ, ಆದರೆ ಹೆದರಿದ್ದೆ. ಅವಳಿಗೆ ಕಣ್ಣು ಹೋದರೆ ಏನು ಗತಿ? ಗಿರಣಿಯ ಬಾಗಿಲಲ್ಲಿ ಕೂತು ಹೋಗಿ ಬರುವವರನ್ನೆಲ್ಲ ನೋಡಿ ಮಾತಾಡಿಸುವುದೇ ಅವಳ ಬದುಕು. ಅವಳ ತಲೆಯನ್ನು ಕೆಳಗೆ ಹಿಡಿದಿಡಲು ಏನಾದರೂ ಬೇಕಿತ್ತು. ಹಾಡು ಹಚ್ಚಿದರೆ ಜೊತೆಗೆ ಹಾಡುತ್ತ ತಲೆ ಅಲ್ಲಾಡಿಸಿದಳು. ಸುದ್ದಿ ಹಚ್ಚಿದರೆ ಸಿಟ್ಟಿಗೆದ್ದಳು.

ಸಂಜೆ, ಸಿಕ್ಕ ಅವಕಾಶ ಬಿಡಬಾರದೆಂದು ನನ್ನ ಕಾರ್ಟೂನು ಹಚ್ಚಿದೆ. ಈಗ ಬರೆಯಲು ನಾಚಿಕೆಯಾಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೋರಲು ಮಲಗಿದವಳಿಗೆ, ಮಾತೇ ಇಲ್ಲದ ಚಿತ್ರ! ಟಿವಿಯಲ್ಲಿ ಇಬ್ಬರು ಮಳೆಯಲ್ಲಿ ಎದುರುಬದುರು ನಿಂತರು. ಮಳೆಯ ಸದ್ದು. ಬಹಳ ಹೊತ್ತು ಬರೀ ಮಳೆಯ ಸದ್ದು. ಆಮೇಲೆ ಖಣ್ ಖಣ್ ಎಂದು ಕತ್ತಿ. ನಾನು ಮೈಮರೆತಿದ್ದೆ.

"ಏನಾತು?" ಅವ್ವ ಕೇಳಿದಳು. "ಯಾರು ಹೊಡದ್ರು? ಸತ್ತನೇನು?"

ಕೇಳಿದ್ದಷ್ಟೇ ಅಲ್ಲ, ಪೂರಾ ಕತ್ತು ಎತ್ತಿ ಟಿವಿಯ ಕಡೆ ತಿರುಗಿದ್ದಳು. ಕಾಣುವುದಿಲ್ಲವೆಂದು ಅವಳಿಗೆ ಗೊತ್ತು, ಆದರೆ ಅದು ಕತ್ತಿಗೆ ಗೊತ್ತಿರಬೇಕಲ್ಲ. ನಾನು ರಿಮೋಟು ಎಸೆದು ಅವಳ ತಲೆ ಹಿಡಿದೆ.

ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಅವರ ಹುಬ್ಬಿನ ಒಂದು ಗೆರೆ ಬಾಗಿತು, ಅಷ್ಟೇ. ಮೊಬೈಲು ತೆಗೆದು ತಮ್ಮ ಕಾರ್ಟೂನಿನ ಹಿಂದಿ ಡಬ್ಬಿಂಗ್ ಹುಡುಕಿ ಮಂಚದ ಕೆಳಗೆ, ಅವ್ವನ ಮುಖದ ನೇರಕ್ಕೆ ನೆಲದ ಮೇಲಿಟ್ಟರು. ಧಾರಾವಾಹಿಗಳ ಪುಣ್ಯದಿಂದ ಅವ್ವನಿಗೆ ಹಿಂದಿ ನೀರು ಕುಡಿದಷ್ಟು ಸಲೀಸು.

"ಅತ್ತಿ, ಕೇಳ್ರಿ. ತಿಳೀಲಿಲ್ಲಂದ್ರ ನಾ ಹೇಳ್ತೇನಿ."

ಹೇಳುವ ಪ್ರಸಂಗವೇ ಬರಲಿಲ್ಲ. ಅದರಲ್ಲಿ ಎಲ್ಲರೂ ಎಲ್ಲವನ್ನೂ ಹೇಳಿಯೇ ಮಾಡುತ್ತಾರೆ. ಬಾಗಿಲು ತೆಗೆಯುವವನು 'ಬಾಗಿಲು ತೆಗೆಯುತ್ತೇನೆ' ಅನ್ನುತ್ತಾನೆ, ಓಡುವವನು 'ಓಡಿರಿ' ಅನ್ನುತ್ತಾನೆ. ಇಷ್ಟು ವರ್ಷ ನಾನು ಯಾವುದನ್ನು ಹೀಯಾಳಿಸುತ್ತಿದ್ದೆನೋ ಅದೇ ಅವ್ವನಿಗೆ ಕಣ್ಣಾಯಿತು. ಎರಡು ಕಂತು ಮುಗಿದರೂ ತಲೆ ಕದಲಲಿಲ್ಲ. ಬಾಗಿಲು ಬಡಿದ ಸದ್ದಾದಾಗ ಮಲಗಿದಲ್ಲಿಂದಲೇ, "ಯಾರರ ಇರಲಿ, ಇದು ಮುಗಿಯೂತನಾ ಕೂಡ್ಸು" ಎಂದಳು. ನನ್ನ ಗಂಡ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಆ ಯುದ್ಧದಲ್ಲಿ ಸಿಪಾಯಿಗಳೆಲ್ಲ ಒಂದೇ ಅಚ್ಚಿನವರು. ಒಂದೇ ಮುಖ, ಒಂದೇ ದನಿ. ನನ್ನ ಕಾರ್ಟೂನಿನಲ್ಲಿ ಅವರಿಗೆ ಹೆಸರೂ ಇಲ್ಲ, ಕೈಸನ್ನೆ ಮಾಡುತ್ತ ಬರುತ್ತಾರೆ, ಸಾಲುಸಾಲಾಗಿ ಬೀಳುತ್ತಾರೆ. ಗಂಡನದರಲ್ಲಿ ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ತಮಾಷೆ, ಒಂದು ಹಟ. ಅವ್ವ ಆ ಹೆಸರುಗಳನ್ನು ಒಪ್ಪಲಿಲ್ಲ. ಸೌಕಾಶದಾಂವ, ಗಡಿಬಿಡ್ಯಾಂವ, ಸಿಡಕ ಎಂದು ತಾನೇ ಇಟ್ಟಳು. ನನಗೆ ಎಲ್ಲ ದನಿಯೂ ಒಂದೇ. ಗೊತ್ತಾಗುವುದು ಹೇಗೆಂದು ಕೇಳಿದೆ.

"ಗಿರಣ್ಯಾಗ ಡಬ್ಬಿ ಸಾಲಾಗಿ ಇಟ್ಟಿರ್ತಾರಲ, ಎಲ್ಲಾ ಒಂದ ನಮೂನಿ. ಡಬ್ಬಿ ಒಂದಾದ್ರ ಏನಾತು, ಒಳಗಿನ ಕಾಳು ಬ್ಯಾರೆ."

ಮೂರನೆಯ ದಿನ ಗಡಿಬಿಡ್ಯಾಂವ ಸತ್ತ. ಅವ್ವ ಅತ್ತಳು. ಕಣ್ಣೀರು ಎಡಗಣ್ಣಿನಿಂದ ನೇರ ಮೊಬೈಲಿನ ಮೇಲೆ ಬಿದ್ದಿತು. ಅದನ್ನು ಒರೆಸುವಾಗ ನನಗೆ ಒಂದು ಮಾತು ಒಪ್ಪಿಕೊಳ್ಳದೆ ಗತಿ ಇರಲಿಲ್ಲ. ನನ್ನ ಕಾರ್ಟೂನಿನಲ್ಲಿ ಅಂಥವರು ನೂರಾರು ಮಂದಿ ಸತ್ತಿದ್ದರು. ಅವರು ಬೀಳುವ ಗೆರೆ ಎಷ್ಟು ಚಂದ ಎಂದು ನೋಡಿದ್ದೆನೇ ಹೊರತು ಒಬ್ಬನಿಗೂ ಅಯ್ಯೋ ಎಂದಿರಲಿಲ್ಲ.

ಮರುದಿನ ಶಿರಗುಪ್ಪಿಯಿಂದ ನನ್ನ ಅತ್ತೆ ಬಂದರು. ಇಳಕಲ್ ಸೀರೆಯ ನೆರಿಗೆ ಕದಲದ ಹಾಗೆ ನಡೆಯುವ, ಹತ್ತು ಮಂದಿಯಲ್ಲಿ ಒಂದೇ ಮಾತು ಆಡುವ ಹೆಂಗಸು. ಹಾಲಿನವನಿಗೆ ತಲೆ ಎತ್ತದೆ ಇರುವುದನ್ನು ಅವ್ವ ಅಷ್ಟರಲ್ಲಿ ಕಲಿತಿದ್ದಳು. ಆದರೆ ಬಂದವರು ಬೀಗರು! ಅವರ ದನಿ ಕೇಳಿದ್ದೇ ಎರಡೂ ಕೈ ಊರಿ ಮೇಲೇಳಲು ಹೊರಟಳು. ನಾನು ಕೂಗಿದೆ.

"ಬೀಗತ್ಯಾರ, ಏಳಬ್ಯಾಡ್ರಿ!" ಅತ್ತೆ ನನಗಿಂತ ಜೋರಾಗಿ ಕೂಗಿದರು. "ನೀವು ಮ್ಯಾಲ ಬರೂದು ಬ್ಯಾಡ, ನಾನ ಕೆಳಗ ಬರ್ತೇನಿ."

ಚಾಪೆ ಎಳೆದುಕೊಂಡು, ಸೀರೆಯ ಗಂಜಿಯನ್ನೂ ಲೆಕ್ಕಿಸದೆ, ಮಂಚದ ಅಂಚಿನ ಕೆಳಗೆ ಅಂಗಾತ ಮಲಗಿಬಿಟ್ಟರು. ಮೇಲೆ ಅವ್ವನ ಮುಖ, ಕೆಳಗೆ ಅತ್ತೆಯ ಮುಖ.

"ಬಂದ್ರಿ? ಆರಾಮ?" ಎಂದಳು ಅವ್ವ, ಕೆಳಗೆ ನೋಡಿ.

"ಆರಾಮರಿ. ನೀವು ಹೆಂಗದೀರಿ?" ಎಂದರು ಅತ್ತೆ, ಮೇಲೆ ನೋಡಿ.

ಚಹವನ್ನು ಅವರು ಮಲಗಿಯೇ ಕುಡಿಯಲು ನೋಡಿ ಅರ್ಧ ಕಿವಿಗೆ ಹೋಯಿತು. ಆಮೇಲೆ ಇಬ್ಬರೂ ಕಂತು ಕೇಳಿದರು. ನಡುವೆ ಅತ್ತೆ, "ಇಷ್ಟೆಲ್ಲಾ ಯಾಕ ಬಡದಾಡಾಕತ್ತಾರ್ರೀ ಇವರು?" ಎಂದರು. "ಅದು ಅವರಿಗೂ ತಿಳದಿಲ್ರಿ, ಅದಕ್ಕ ಇಷ್ಟು ಮಾತಾಡ್ತಾರ" ಎಂದಳು ಅವ್ವ. ನಾನು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟೋ ದಿನಗಳ ಮೇಲೆ ಹಾಗೆ ನಕ್ಕದ್ದು.

ಅತ್ತೆ ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು. "ನಿಂದೂ ಒಂದಿಷ್ಟು ಹೇಳು ತಂಗಿ. ಅಳಿಯಾರದ ಕೇಳಿದ್ರ ನೀ ಮಾರಿ ಸಣ್ಣದು ಮಾಡ್ತಿ."

"ಮಾರಿ ಎಲ್ಲಿ ಕಂಡಿ ನೀ?"

"ಕಾಣಬೇಕೇನು?"

ಸರಿ, ಹೇಳಲು ಕೂತೆ. ಮಳೆ ಬರುತ್ತದೆ. ಇಬ್ಬರು ನಿಂತಿರುತ್ತಾರೆ. ಆಮೇಲೆ ಕತ್ತಿ ಬೀಸುತ್ತಾರೆ. ಅಲ್ಲಿಗೆ ನನ್ನ ಕಥೆ ಮುಗಿದೇ ಹೋಯಿತು. ಕತ್ತಿಯ ಅಲುಗಿಗೆ ಬಿದ್ದ ಹನಿ ಎರಡಾಗಿ ಸೀಳುವುದು, ಸೋಲುತ್ತಿರುವವನ ನೆರಳು ಅವನಿಗಿಂತ ಮೊದಲು ಬಾಗುವುದು, ಇವನ್ನೆಲ್ಲ ಹೇಳಲು ಹೋಗಿ ತೊದಲಿದೆ. ನಾನು ಇಷ್ಟು ವರ್ಷ ಮೆಚ್ಚಿದ್ದು ಬಾಯಿಗೆ ಬರುವಂಥದ್ದೇ ಅಲ್ಲ.

"ಹೇಳಾಕ ಬರಂಗಿಲ್ಲವ್ವ ಅದು. ಕಣ್ಣು ಬಂದ ಮ್ಯಾಲ ನೀನ ನೋಡು."

"ಬಂದ್ರ" ಎಂದಳು ಅವ್ವ.

ಅಷ್ಟು ಸಣ್ಣ ದನಿ ಅವಳಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ವಾರ ಮುಗಿಯಿತು. "ಪರದಾ ಛಲೋ ಕುಂತೈತ್ರಿ" ಎಂದರು ಡಾಕ್ಟರು. "ಎಷ್ಟು ಕಾಣತೈತಿ ಅನ್ನೂದು ಗುಳ್ಳಿ ಕರಗಿದ ಮ್ಯಾಲ ಗೊತ್ತಾಗತೈತಿ." ತಲೆ ಎತ್ತಲು ಅಪ್ಪಣೆ ಸಿಕ್ಕಿತು. ಆದರೆ ಗುಳ್ಳೆ ಲಗೂನೆ ಕರಗುವಂಥದ್ದಲ್ಲ. ಅವ್ವ ಅಮ್ಮಿನಬಾವಿಗೆ ಹೋಗಲಿಲ್ಲ. ಕಣ್ಣಿನೊಳಗೆ ಬಟ್ಟಲಿನ ನೀರು ಅಲ್ಲಾಡಿದ ಹಾಗೆ ಕಾಣುತ್ತದೆಂದು ಹೇಳುತ್ತಿದ್ದಳು. ದಿನ ಹೋದಂತೆ ಆ ನೀರು ಕೆಳಗಿಳಿಯಿತು, ಗುಳ್ಳೆ ಗೋಲಿಯಷ್ಟಾಯಿತು, ಸಾಸಿವೆಯಷ್ಟಾಯಿತು. ಅದರಾಚೆ ಏನು ಕಾಣುತ್ತದೆಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಒಂದು ಭಾನುವಾರ ಅವ್ವ ಚಹಾದ ಕಪ್ಪು ಕೆಳಗಿಟ್ಟು, "ಗುಳ್ಳಿ ಹೋತು" ಎಂದಳು. ಕೋಣೆಗೆ ಹೋಗಿ ಟಿವಿಯ ಎದುರು ಕೂತಳು. "ಹಚ್ಚು, ನಿಂದು."

ಹಚ್ಚಿದೆ. ಅವಳ ಪಕ್ಕದಲ್ಲೇ ಕೂತೆ. ನನ್ನ ಗಂಡ ಬಾಗಿಲಿಗೆ ಒರಗಿ ನಿಂತರು. ಮಳೆ ಶುರುವಾಯಿತು, ಇಬ್ಬರು ಎದುರುಬದುರು ನಿಂತರು. ಅವ್ವ ಮಿಸುಕಲಿಲ್ಲ. ಸಿನಿಮಾ ಇರಲಿ, ಲಗ್ನ ಇರಲಿ, ಪುರಾಣ ಇರಲಿ, ನಡುವೆ ಮಾತಾಡದೆ ಅವಳು ಕೂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆ ಮೌನ ಏನೆಂದು ನನಗೆ ತಿಳಿಯಲಿಲ್ಲ. ಕಾಣದೆ ಸುಮ್ಮನಿದ್ದಾಳೆಯೆ? ನನಗೆ ಬೇಸರವಾಗದಿರಲೆಂದು ಸುಮ್ಮನಿದ್ದಾಳೆಯೆ? ತಡೆಯಲಾಗದೆ ಮೊದಲಿನ ಹಾಗೆ ಹೇಳಲು ಶುರು ಮಾಡಿದೆ. "ಅವ್ವಾ, ಈಗ ನೋಡು, ಅಂವ ಕತ್ತಿ ತಗೀತಾನ, ಆ ಕತ್ತಿ ಮ್ಯಾಲ ಒಂದು ಹನಿ..."

ಅವ್ವ ಪರದೆಯಿಂದ ಕಣ್ಣು ತೆಗೆಯದೆ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಸುಮ್ಕಿರು ತಂಗಿ. ನಾ ನೋಡಾಕತ್ತೇನಿ."