‘ನಾಳೆ ಬಿತ್ತಬಹುದು’ ಎಂದವನು ನಾನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಂಟು ಎಕರೆ ಎರೆಹೊಲಕ್ಕೆ ನಾಳೆ ಕಡಲೆ ಬಿತ್ತಬಹುದು ಎಂದು ನಮ್ಮ ಕಾಕಾನಿಗೆ ಹೇಳಿದ್ದು ನನ್ನ ಫೋನಿನೊಳಗಿನ ಎಐ ಅಲ್ಲ, ನಾನು. ಅದರ ದನಿ ತೆಗೆದು, ಅದರ ಹಾಗೆಯೇ ನಡುವೆ ಎಲ್ಲೂ ಉಸಿರು ತೆಗೆದುಕೊಳ್ಳದೆ ಹೇಳಿದೆ. ಅದನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ನಾಡಿದ್ದು ಅಣ್ಣಿಗೇರಿಯಲ್ಲಿ ಮಿಮಿಕ್ರಿ ಸ್ಪರ್ಧೆ ಇತ್ತು. ಬಿತ್ತನೆ ನಾಳೆಯೇ ಮುಗಿದರೆ ನಾನು ಹೋಗಬಹುದಿತ್ತು. ಇದಕ್ಕಿಂತ ಮರ್ಯಾದಸ್ಥ ಕಾರಣವೊಂದು ಇರಬಹುದೇ ಎಂದು ಆಮೇಲೆ ಬಹಳ ಹುಡುಕಿದೆ, ಸಿಗಲಿಲ್ಲ.

ದನಿ ತೆಗೆಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ನಮ್ಮೂರು ಮೊರಬಕ್ಕೆ ಬರುವ ಬಸ್ಸಿನ ಕಂಡಕ್ಟರು ಚಿಲ್ಲರೆ ಕೇಳುವಾಗ ಮೂಗಿನಿಂದ ಕೇಳುತ್ತಾನೆ, ಕೊಡುವಾಗ ಮಾತ್ರ ಮಾತೇ ಆಡುವುದಿಲ್ಲ. ಅದನ್ನು ತೆಗೆದು ತೋರಿಸಿದ್ದೇನೆ. ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡು ಪಾತ್ರೆಗಳ ಕೈಯಿಂದ ಮಾತಾಡಿಸುತ್ತಾಳೆ. ಅದನ್ನೂ ತೋರಿಸಿ ಎರಡು ಹೊತ್ತು ತಣ್ಣನೆ ರೊಟ್ಟಿ ತಿಂದಿದ್ದೇನೆ. ನನ್ನನ್ನೂ ನಾನು ಬಿಟ್ಟವನಲ್ಲ. ಹುಡುಗಿಯರ ಮುಂದೆ ನಿಂತಾಗ ನನ್ನ ದನಿ ಒಡೆದ ಪೀಪಿಯಂತೆ ಆಗುವುದನ್ನು ನಾನೇ ಮೊದಲು ಮಾಡಿ ತೋರಿಸಿಬಿಡುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ.

ಫೋನಿನಲ್ಲಿ ಆ ಎಐ ಬಂದಾಗ ನನಗೆ ಸಿಕ್ಕಿದ್ದು ಹೊಸ ದನಿ. ಕನ್ನಡದಲ್ಲಿ ಏನೇ ಕೇಳಿ, “ನಿಮ್ಮ ಪ್ರಶ್ನೆ ಬಹಳ ಉತ್ತಮವಾಗಿದೆ” ಎಂದೇ ಶುರು ಮಾಡುತ್ತಿತ್ತು. ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತು, “ಎಲೆ ಅಡಿಕೆ ಹಾಕಿಕೊಳ್ಳಬೇಕೇ ಬೇಡವೇ ಎಂಬ ನಿಮ್ಮ ಪ್ರಶ್ನೆ ಬಹಳ ಉತ್ತಮವಾಗಿದೆ” ಎಂದರೆ ಹಿರಿಯರು ಕೆಮ್ಮುವವರೆಗೆ ನಗುತ್ತಿದ್ದರು. ನಗದೆ ಕುಳಿತವನು ಕಾಕಾ ಒಬ್ಬನೇ. “ಖರೇ ಖರೇ ಕೇಳಿದ್ರ ಹೇಳ್ತೈತೇನಲೇ ಅದು?” ಎಂದು ಕೇಳಿದ. ಅವನ ಪ್ರಶ್ನೆಯನ್ನು ನಾನು ಆಗ ಚೇಷ್ಟೆಯೆಂದೇ ತಿಳಿದೆ.

ಕಾಕಾನ ಬಗ್ಗೆ ಹೇಳಬೇಕು. ನಮ್ಮ ಸುತ್ತಿನ ಹೊಲಗಳಲ್ಲಿ ಹಿಂಗಾರಿ ಬಿತ್ತನೆ ಯಾವಾಗ ಎಂಬುದನ್ನು ಎಷ್ಟೋ ವರ್ಷಗಳಿಂದ ಅವನ ಕೈ ಹೇಳುತ್ತ ಬಂದಿದೆ. ಮಳೆ ನಿಂತ ಮೇಲೆ ಎರೆಮಣ್ಣು ಒಂದು ಹದಕ್ಕೆ ಬರಬೇಕು. ಅದಕ್ಕಿಂತ ಮುಂಚೆ ಬಿತ್ತಿದರೆ ಟ್ರ್ಯಾಕ್ಟರಿನ ಗಾಲಿ ನೆಲವನ್ನು ಅರೆಗಲ್ಲಿನಂತೆ ಒತ್ತಿಬಿಡುತ್ತದೆ, ಬೀಜ ಬಿತ್ತುವ ಕೂರಿಗೆ ಎಳೆದ ಸಾಲು ಮುಚ್ಚಿಕೊಳ್ಳುವುದಿಲ್ಲ, ಬೀಜ ಕೊಳೆಯುತ್ತದೆ. ತಡವಾದರೆ ಹಸಿಯೇ ಆರಿಹೋಗುತ್ತದೆ. ಕಾಕಾ ಬಗ್ಗಿ ಗೇಣುದ್ದ ಕೆಳಗಿನ ಮಣ್ಣು ತೆಗೆದು, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಎದೆಯ ಎತ್ತರದಿಂದ ಬಿಡುತ್ತಿದ್ದ. ಉಂಡೆ ಒಡೆದರೆ ಹದ. ಒಡೆಯದೆ ಬೆರಳಿನ ಗುರುತು ಹೊತ್ತುಕೊಂಡು ಹಾಗೇ ಬಿದ್ದಿದ್ದರೆ ಇನ್ನೂ ಕಾಯಬೇಕು. ಅವನು ಕೂರಿಗೆ ತೆಗೆದ ದಿನ ಬಾಜೂ ಹೊಲದವರೂ ತೆಗೆಯುತ್ತಿದ್ದರು.

ಹೋದ ವರ್ಷ ಹಾಗೆಯೇ ಉಂಡೆ ಒಡೆಯಿತು, ಬಿತ್ತಿದ. ಅವನ ಹಿಂದೆ ನಾಲ್ಕು ಮನೆಯವರು ಬಿತ್ತಿದರು. ಮೂರನೇ ದಿನಕ್ಕೆ ಯಾರೂ ಕರೆಯದ ಮಳೆ ಬಂದು ಮುಕ್ಕಾಲು ಬೀಜ ಕೊಳೆಯಿತು. ಯಾರೂ ಜಗಳಕ್ಕೆ ಬರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬ ಮಾತ್ರ, “ಮುಂದಿನ ಸಲ ನಮ್ಮಷ್ಟಕ್ಕ ನಾವು ನೋಡ್ಕೊಂತೀವ್ರಿ” ಎಂದ, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ಕಾಕಾನ ಎದೆಯಲ್ಲಿ ಮುಳ್ಳಿನಂತೆ ಕುಳಿತಿತು.

ಆಮೇಲೆ ಅವನು ನನ್ನ ಫೋನಿನ ಎಐಯನ್ನು ಕೇಳುವುದಕ್ಕೆ ಶುರು ಮಾಡಿದ. ಮೊದಲು ಗೊಬ್ಬರ ಎಷ್ಟು ಹಾಕುವುದು, ಎಮ್ಮೆ ಮೇವು ಬಿಟ್ಟರೆ ಏನು ಕೊಡುವುದು, ಇಂಥವು. ಅವಕ್ಕೆ ಅದು ಚೆನ್ನಾಗಿಯೇ ಹೇಳಿತು, ಎಮ್ಮೆಯೂ ಮೇವು ತಿಂದಿತು. ಅಲ್ಲಿಂದ ಮುಂದೆ ಮದುವೆಗೆ ಹೋಗಬೇಕೋ ಬೇಡವೋ, ಬೆಳಿಗ್ಗೆಯ ಬಸ್ಸೋ ಮಧ್ಯಾಹ್ನದ್ದೋ ಎಂಬಲ್ಲಿಗೆ ಬಂತು. ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವನೇ, “ಎಲ್ಲೈತಿ ಅದು?” ಎನ್ನುತ್ತಿದ್ದ. ಒಂದು ದಿನ ಊಟಕ್ಕೆ ಕುಳಿತಾಗ ಚಿಗವ್ವ, “ಪಲ್ಯಾಕ್ಕ ಉಪ್ಪು ಸಾಕೇನಂತನೂ ಕೇಳ್ರಿ ಅದನ್ನ” ಎಂದಳು.

“ಅದಕ್ಕ ನಾಲಿಗಿ ಇಲ್ಲಲ್ಲ” ಎಂದ ಕಾಕಾ, ಅಗದಿ ಗಂಭೀರವಾಗಿ.

“ನಿಮಗೈತಲ್ಲ.”

ನಕ್ಕ ನಾನೇನು ಸಾಚಾ ಅಲ್ಲ. ಸ್ಪರ್ಧೆಗೆ ಯಾವ ದನಿಯಿಂದ ಶುರು ಮಾಡಲಿ ಎಂದು ಅದನ್ನು ಕೇಳಿದ್ದೆ. ಅದು ಐದು ದಾರಿ ಹೇಳಿತು. ಐದರಲ್ಲಿ ಯಾವುದು ಎಂದು ಮತ್ತೆ ಕೇಳಿದೆ. ಯಾವ ಅಂಗಿ ಎಂದೂ ಕೇಳಿದೆ, ಇದ್ದವು ಎರಡೇ.

ಕಾಕಾನದು ಬಟನ್ ಒತ್ತುವ ಹಳೆಯ ಫೋನು. ಹೊರಗೆ ಹೋದಾಗ ನನಗೆ ಕರೆ ಮಾಡಿ ಪ್ರಶ್ನೆ ಹೇಳುತ್ತಿದ್ದ. ನಾನು ಅದನ್ನು ಕೇಳಿ, ತಿರುಗಿ ಕರೆ ಮಾಡಿ, ಅದರದೇ ದನಿಯಲ್ಲಿ ಉತ್ತರ ದಾಟಿಸುತ್ತಿದ್ದೆ. ನಾನು ಅದರ ದನಿ ತೆಗೆದಾಗ ಅವನು ಕೊನೆಯವರೆಗೆ ಕೇಳುತ್ತಿದ್ದ, ನನ್ನ ದನಿಯಲ್ಲಿ ಹೇಳಿದರೆ ನಡುವೆಯೇ ಇಟ್ಟುಬಿಡುತ್ತಿದ್ದ. ಇನ್ನೊಂದು ಮಾತನ್ನೂ ಬಚ್ಚಿಡಬಾರದು. ಅದು ಹೇಳುವ “ಇರಬಹುದು”, “ಒಮ್ಮೆ ಪರೀಕ್ಷಿಸಿ ನೋಡಿ” ಎಂಬ ಬಾಲಗಳನ್ನೆಲ್ಲ ನಾನು ದಾರಿಯಲ್ಲೇ ಕತ್ತರಿಸುತ್ತಿದ್ದೆ. ಬಾಲ ಇದ್ದರೆ ಕಾಕಾ, “ಹೌದೋ ಅಲ್ಲೋ, ಒಂದ ಮಾತಿನ್ಯಾಗ ಹೇಳಂತ ಹೇಳು” ಎಂದು ರೇಗುತ್ತಿದ್ದ. ಹೀಗೆ ಅದು ಅನುಮಾನದಿಂದ ಹೇಳಿದ್ದೆಲ್ಲ ಅವನ ಕಿವಿ ಮುಟ್ಟುವ ಹೊತ್ತಿಗೆ ಆಜ್ಞೆಯಾಗಿರುತ್ತಿತ್ತು.

ಈ ಸಲ ಹಿಂಗಾರಿ ಮಳೆ ಚೆನ್ನಾಗಿ ಹೊಯ್ದು ನಿಂತು ನಾಲ್ಕು ದಿನವಾಗಿತ್ತು. ಬೀಜಕ್ಕೆ ಹಚ್ಚುವ ಔಷಧ ತರಲು ಕಾಕಾ ನವಲಗುಂದಕ್ಕೆ ಹೋಗಿದ್ದ. ಸಂಜೆ ಅಲ್ಲಿಂದಲೇ ಕರೆ ಬಂತು. “ನಾಳೆ ಬಿತ್ತೂಣೋ ಹೆಂಗ, ಅದನ್ನ ಕೇಳಿ ಹೇಳು.” ನಾನು ಫೋನಿಟ್ಟು ಚಹಾ ಕುಡಿದೆ. ತಿರುಗಿ ಕರೆ ಮಾಡಿ, “ನಮಸ್ಕಾರ. ನೀವು ನೀಡಿದ ಮಾಹಿತಿಯ ಪ್ರಕಾರ ಕಡಲೆ ಬಿತ್ತನೆಗೆ ನಾಳೆ ಅತ್ಯಂತ ಸೂಕ್ತ ದಿನ” ಎಂದೆ.

“ಆತು” ಎಂದ, ಇಟ್ಟ.

ಒಂದು ಪ್ರಶ್ನೆ ಕೇಳಿದ್ದರೂ ನಾನು ನಕ್ಕು ಸಿಕ್ಕಿಬೀಳುತ್ತಿದ್ದೆ. ಅವನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ನಾನು ಹೊಲಕ್ಕೆ ಎಲ್ಲರಿಗಿಂತ ಮುಂದೆ ಹೊರಟೆ. ಬದು ಬಿಟ್ಟು ಹೊಲದೊಳಗೆ ಹತ್ತು ಹೆಜ್ಜೆ ಇಟ್ಟಿರಬಹುದು, ಕಾಲು ಏಳಲೊಲ್ಲದು. ನೋಡಿದರೆ ಚಪ್ಪಲಿಯ ಕೆಳಗೆ ರೊಟ್ಟಿ ಹಂಚಿನಷ್ಟು ಮಣ್ಣು ಮೆತ್ತಿಕೊಂಡಿದೆ. ಎರೆಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೆಲ ಇನ್ನೂ ಹದಕ್ಕೆ ಬಂದಿರಲಿಲ್ಲ.

ಬೀಜ ಮನೆಯದು. ಹೋದ ವರ್ಷ ಕೊಳೆತು ಉಳಿದ ಬೆಳೆಯಲ್ಲಿ ಚಿಗವ್ವ ಕಾಳು ಕಾಳು ಆರಿಸಿ, ಬೂದಿ ಬೆರೆಸಿ ಎತ್ತಿಟ್ಟದ್ದು. ಇವತ್ತು ಹೋದರೆ ಎರಡನೇ ಸಲಕ್ಕೆ ಇರಲಿಲ್ಲ. ಮೇಲಾಗಿ ಅತ್ತ ಕಡೆಯ ಬದುವಿನ ಮೇಲೆ ಎರಡು ಮನೆಯವರು ಆಗಲೇ ಬೀಜದ ಚೀಲ ಇಳಿಸಿಕೊಂಡು ಕುಳಿತಿದ್ದರು. ತಮ್ಮಷ್ಟಕ್ಕೆ ತಾವು ನೋಡಿಕೊಳ್ಳುತ್ತೇವೆ ಎಂದವನೂ ಅವರಲ್ಲಿದ್ದ. ಕಾಕಾ ಶುರು ಮಾಡುವುದನ್ನೇ ಕಾಯುತ್ತಿದ್ದರು.

ಅಷ್ಟರಲ್ಲಿ ಬಾಜೂ ಹೊಲದವನ ಟ್ರ್ಯಾಕ್ಟರು ಕೂರಿಗೆ ಕಟ್ಟಿಕೊಂಡು ಬಂತು. ಹಿಂದೆ ಕಾಕಾ, ಅವನ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಚಿಗವ್ವ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕೂರಿಗೆಗೆ ವಿಭೂತಿ ಹಚ್ಚಿ ಕಾಯಿ ಒಡೆದ ಮೇಲೆ, ಮೊದಲ ಹಿಡಿ ಬೀಜ ಮನೆಯ ಹೆಣ್ಣುಮಗಳ ಉಡಿಯಿಂದ ಕೂರಿಗೆಯ ಪೆಟ್ಟಿಗೆಗೆ ಬೀಳಬೇಕು. ಬಿದ್ದಮೇಲೆ ಅವತ್ತು ಹಿಂದೆ ತೆಗೆಯುವಂತಿಲ್ಲ, ಹೊಲ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಅಂದರೆ ನನ್ನ ಹತ್ತಿರ ಉಳಿದಿದ್ದು ಒಂದು ಕಾಯಿ ಒಡೆಯುವಷ್ಟು ಹೊತ್ತು.

ಕಾಕಾ ಕೂರಿಗೆಗೆ ಮೂರು ಬೆರಳು ವಿಭೂತಿ ಎಳೆದು ನನ್ನ ಕಡೆ ಕೈ ಚಾಚಿದ. ನಾನು ಕಾಯಿ ಕೊಡಲಿಲ್ಲ.

“ಕಾಕಾ, ನಿಂದ್ರು. ನಿನ್ನೆ ಹೇಳಿದ್ದು ಅದಲ್ಲ, ನಾನು. ಅದನ್ನ ಕೇಳೇ ಇಲ್ಲ.”

ಟ್ರ್ಯಾಕ್ಟರಿನವನು ಮೇಲಿನಿಂದಲೇ ನಕ್ಕ. “ಇವತ್ತ ಯಾರ ದನೀಪಾ ಇದು? ಕಳ್ಳ ಸಿಕ್ಕಾಗ ಅಳ್ತಾನಲ್ಲ, ಅದನ?”

“ದನಿ ತಗಿಯಾಕತ್ತಿಲ್ಲ, ಖರೇ ಹೇಳಾಕತ್ತೀನಿ” ಎಂದೆ. ಹೆದರಿಕೆಗೆ ದನಿ ಪೀಪಿಯಂತೆ ಒಡೆಯಿತು.

“ಚೊಲೋ ತಗದಿ” ಎಂದ ಅವನು. ಬದುವಿನ ಮೇಲೆ ಕುಳಿತವರೂ ನಕ್ಕರು.

ಜೀವನದಲ್ಲಿ ಮೊದಲ ಸಲ ಜನ ನಕ್ಕಿದ್ದು ನನಗೆ ಬೇಡವಾಗಿತ್ತು. ಇಷ್ಟು ವರ್ಷ ಎಲ್ಲರ ದನಿ ತೆಗೆದು ತೆಗೆದು, ನನ್ನದು ಎಂದು ನಂಬಿಸುವ ದನಿಯನ್ನೇ ನಾನು ಉಳಿಸಿಕೊಂಡಿರಲಿಲ್ಲ. ಕಾಕಾ ನನ್ನ ಕೈಯಿಂದ ಕಾಯಿ ಕಿತ್ತುಕೊಂಡ. “ಹೊತ್ತೇರಾಕತ್ತೈತಿ. ನಿನ್ನ ಆಟ ಕಟ್ಟಿ ಮ್ಯಾಲ ಇರಲಿ.”

ಬೇರೆ ದಾರಿ ಕಾಣದೆ ಫೋನು ತೆಗೆದೆ. ಎಂಜಿನ್ ಸದ್ದಿನಲ್ಲಿ ಕೂಗಿ ಕೂಗಿ ಅದನ್ನೇ ಕೇಳಿದೆ. ಮೊರಬದ ಎರೆಹೊಲ, ಮಳೆ ನಿಂತು ಐದು ದಿನ, ಇವತ್ತು ಕಡಲೆ ಬಿತ್ತಬಹುದೋ? ಟ್ರ್ಯಾಕ್ಟರಿನವನು ತಮಾಷೆ ಕೇಳಿಸಿಕೊಳ್ಳಲೆಂದು ಎಂಜಿನ್ ಆರಿಸಿದ. ಹೊಲವೆಲ್ಲ ಒಮ್ಮೆಲೇ ಸುಮ್ಮನಾಯಿತು. ಫೋನು ಸ್ವಲ್ಪ ತಡೆದು, ನಾನು ಎಷ್ಟು ಚೆನ್ನಾಗಿ ತೆಗೆದರೂ ಬರದ ಆ ತಣ್ಣನೆಯ ದನಿಯಲ್ಲಿ ಹೇಳಿತು: “ನಿಮ್ಮ ಹೊಲದ ತೇವಾಂಶ ಎಷ್ಟಿದೆ ಎಂದು ನಾನು ಇಲ್ಲಿಂದ ತಿಳಿಯಲಾರೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಪರೀಕ್ಷಿಸಿ ನೋಡಿ. ಖಚಿತವಿಲ್ಲದಿದ್ದರೆ ನಿಮ್ಮ ಊರಿನ ಅನುಭವಿ ರೈತರೊಬ್ಬರನ್ನು ಕೇಳುವುದು ಒಳ್ಳೆಯದು.”

ನಾನು ದಿನಾ ಕತ್ತರಿಸುತ್ತಿದ್ದ ಬಾಲ ಅದು. ಅವತ್ತು ಎಲ್ಲರೂ ಪೂರ್ತಿ ಕೇಳಿದರು. ಕೇಳಿ, ಟ್ರ್ಯಾಕ್ಟರಿನ ಮೇಲಿದ್ದವನೂ ಬದುವಿನ ಮೇಲಿದ್ದವರೂ ತಿರುಗಿ ನೋಡಿದ್ದು ಕಾಕಾನನ್ನು.

ಕಾಕಾನ ಮುಖ ಖಾಲಿ ಹಸುಬೆ ಚೀಲದಂತೆ ಜೋತುಬಿತ್ತು. ಈಗ ನನಗೆ ಒಂದು ಬಿಡುತ್ತಾನೆ ಎಂದು ಕೆನ್ನೆ ಗಟ್ಟಿ ಮಾಡಿಕೊಂಡೆ. ಅವನು ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ. “ಇನ್ನೊಮ್ಮಿ ಕೇಳು” ಎಂದ. “ಮಣ್ಣ ಹಿಡದ್ವಿ, ಉಂಡಿ ಆತು ಅಂದ್ರ ಏನ್ ಮಾಡೂದು, ಒಡೀತು ಅಂದ್ರ ಏನ್ ಮಾಡೂದು, ಎರಡೂ ಕೇಳು.”

ಅವನು ನಿಂತಿದ್ದೇ ಆ ಮಣ್ಣಿನ ಮೇಲೆ. ಬಗ್ಗಿದರೆ ಕೈಗೆ ಸಿಗುತ್ತಿತ್ತು. ಬಗ್ಗದಿರಲು ಅವನು ಹೀಗೆ ಪ್ರಶ್ನೆ ಹೊಸೆಯುತ್ತಿರುವುದನ್ನು ಕಂಡಾಗ ನನಗೆ ತಿಳಿಯಿತು. ಒಂದು ವರ್ಷದಿಂದ ಅವನು ಆ ಫೋನಿನಿಂದ ಪಡೆದದ್ದು ಉತ್ತರಗಳನ್ನಲ್ಲ. ಮಾತು ಸುಳ್ಳಾದರೆ ಅದು ತನ್ನದಲ್ಲ ಎಂಬ ನೆಮ್ಮದಿಯನ್ನು. ಅದನ್ನು ಚಮಚದಲ್ಲಿ ತುಂಬಿ ತುಂಬಿ ಕುಡಿಸಿದವನು ನಾನು.

ಚಿಗವ್ವ ಉಡಿಯ ಗಂಟನ್ನು ಇನ್ನಷ್ಟು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಅದು ಹೇಳಿದ್ರೂ ಈ ಬೀಜಾ ಬೀಳೂದಿಲ್ಲ, ಈ ಮಂಗ್ಯಾ ಹೇಳಿದ್ರೂ ಬೀಳೂದಿಲ್ಲ. ನೀವು ಬಗ್ರಿ.”

“ಹೋದ ಸಲ ಬಗ್ಗಿದ್ದೆ” ಎಂದ ಕಾಕಾ, ಯಾರಿಗೂ ಕೇಳದಷ್ಟು ಮೆಲ್ಲಗೆ. “ಏನಾತು?”

“ಮಳಿ ಆತು. ನಿಮ್ಮ ಕೈ ಏನ್ ಮಳಿ ತರಸ್ತೇನು?”

ಕಾಕಾ ಕಾಯಿಯನ್ನು ಕೆಳಗಿಟ್ಟ. ಬಗ್ಗಿದ. ಬೆರಳು ಚುಚ್ಚಿ ಗೇಣುದ್ದ ಕೆಳಗಿನ ಮಣ್ಣು ತೆಗೆದ. ಮುಷ್ಟಿಯಲ್ಲಿ ಒತ್ತಿದ, ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಒತ್ತಿದ. ಎದೆಯ ಎತ್ತರದಿಂದ ಬಿಟ್ಟ. ಉಂಡೆ ಒಡೆಯಲಿಲ್ಲ. ಅವನ ನಾಲ್ಕು ಬೆರಳಿನ ಗುರುತು ಹೊತ್ತುಕೊಂಡು ಕಾಯಿಯ ಪಕ್ಕದಲ್ಲೇ ಕುಳಿತಿತು.

ತಗ್ಗಿನ ಕಡೆ ಹೋಗಿ ಇನ್ನೊಂದು ಉಂಡೆ ಮಾಡಿದ, ದಿನ್ನೆಯ ಕಡೆ ಮತ್ತೊಂದು. ತಿರುಗಿ ಬಂದು ಕೈಯನ್ನು ಧೋತರಕ್ಕೆ ಒರೆಸಿಕೊಂಡು, “ಇನ್ನೂ ಮೂರು ದಿನ ಬೇಕು” ಎಂದ.

ಮೂರು ದಿನ. ಅಂದರೆ ನಾಳೆಯ ಅಣ್ಣಿಗೇರಿ ಸ್ಪರ್ಧೆಗೆ ನಾನು ಆರಾಮಾಗಿ ಹೋಗಿ ಬರಬಹುದಿತ್ತು, ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಹೋಗಲಿಲ್ಲ ಬಿಡಿ. ಆ ಬೆಳಿಗ್ಗೆಯ ನಂತರ ನನ್ನ ಗಂಟಲಿನಿಂದ ಎರಡು ದಿನ ಬೆಕ್ಕಿನ ದನಿಯೂ ಹೊರಡಲಿಲ್ಲ.

ಬದುವಿನ ಮೇಲಿದ್ದವರು ಎದ್ದು ನಿಂತರು. ಚೀಲ ಹೊತ್ತು ಮನೆಗೆ ಹೋಗಬೇಕೋ, ತಾವಾದರೂ ಇವತ್ತೇ ಬಿತ್ತಬೇಕೋ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಹೋದ ವರ್ಷ ಚಹಾದಂಗಡಿಯಲ್ಲಿ ಮರ್ಯಾದೆಯಿಂದ ಮಾತಾಡಿದ್ದವನು ಈಗಲೂ ಅಷ್ಟೇ ಮರ್ಯಾದೆಯಿಂದ ಕೇಳಿದ:

“ಅಲ್ರೀ ಅಣ್ಣಾರ, ಮೂರು ದಿನ ಕುಂತು, ಅಷ್ಟರಾಗ ಮತ್ತ ಮಳಿ ಹೊಡದು ಹಂಗಾಮ ತಪ್ಪಿತಂದ್ರ ಯಾರನ್ನ ಬೈಯೂಣ್ರಿ? ಫೋನನ್ನೋ, ಈ ಹುಡುಗನ್ನೋ?”

ಕಾಕಾ ಬಗ್ಗಿ ತೆಂಗಿನಕಾಯಿ ಎತ್ತಿಕೊಂಡ.

“ನನ್ನ ಬೈರಿ. ಮನಿ ಎಲ್ಲೈತಿ ಅಂತ ಗೊತ್ತೈತಲ್ಲ.”