ತಂಬಿಟ್ಟು ಇಲ್ಲದ ಶಿವರಾತ್ರಿ

ನೀಲಾಂಬಿಕೆ ನಮ್ಮ ಕೆಳಗಿನ ಮನೆಯವರು. ದಿಲ್ಲಿಯ ಮಯೂರ್ ವಿಹಾರದ ಈ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕನ್ನಡದವರ ಮನೆ ಅಂತ ಇರುವುದು ಎರಡೇ, ಒಂದು ಅವರದು, ಇನ್ನೊಂದು ನಮ್ಮದು. ನಾನು ಅವರನ್ನು ನೀಲಕ್ಕ ಅನ್ನುತ್ತೇನೆ, ಅವರು ನನ್ನನ್ನು ಪದ್ಮಾ ಅನ್ನುತ್ತಾರೆ. ಊರಲ್ಲಿದ್ದಿದ್ದರೆ ನಾವಿಬ್ಬರೂ ಸ್ನೇಹಿತೆಯರಾಗುತ್ತಿರಲಿಲ್ಲ. ಅವರ ಶಿಸ್ತು ನನಗೆ ಆಗದು, ನನ್ನ ಬಾಯಿ ಅವರಿಗೆ ಆಗದು. ಆದರೆ ದಿಲ್ಲಿಯಲ್ಲಿ ಹುಣಸೆಹಣ್ಣು ಖಾಲಿಯಾದಾಗ ಕನ್ನಡದಲ್ಲಿ ಕೇಳಬಹುದಾದ ಮನೆ ಒಂದೇ ಇದ್ದರೆ ಸ್ವಭಾವ ನೋಡಿಕೊಂಡು ಕೂರಲು ಆಗುವುದಿಲ್ಲ.

ನೀಲಕ್ಕ ತಿಪಟೂರಿನಿಂದ ಹುಡುಗಿಯಾಗಿ ಬಂದು ಆಡಿಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ತಲೆಗೂದಲು ಬೆಳ್ಳಗಾಗಿಸಿಕೊಂಡು ರಿಟೈರ್ ಆದರು. ಎಲ್ಲಿ ಸೋರುತ್ತಿದೆ ನೋಡುವುದು, ಅಲ್ಲಿ ಮುಚ್ಚುವುದು, ಅದು ಅವರ ಕೆಲಸ. ರಿಟೈರ್ ಆದ ಮೇಲೂ ಆ ಕಣ್ಣು ರಿಟೈರ್ ಆಗಲಿಲ್ಲ. ಅವರ ಗಂಡ ಬಸವರಾಜಣ್ಣ ಇದಕ್ಕೆ ತದ್ವಿರುದ್ಧ. ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವರು, ನಗಿಸುವ ಮನುಷ್ಯ, ಸಿಹಿ ಕಂಡರೆ ಮಗು. ಬೇರೆಯವರ ಪ್ರಮೋಷನ್ ಲಡ್ಡುವನ್ನು ತಮ್ಮದೇ ಎಂಬಷ್ಟು ಸಂತೋಷದಿಂದ ತಿನ್ನುತ್ತಿದ್ದರಂತೆ.

ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಮಾತ್ರೆ ಸಾಲದೆ ಬೆಳಗಿನ ಇನ್ಸುಲಿನ್ ಇಂಜೆಕ್ಷನ್ ಶುರುವಾದಾಗ ನೀಲಕ್ಕ ಸೆರಗು ಬಿಗಿದರು. ಮೊದಲು ಸಕ್ಕರೆ ಡಬ್ಬಿ ಹೋಯಿತು. ಅದು ಎಲ್ಲ ಮನೆಯಲ್ಲೂ ಆಗುವಂಥದ್ದು. ಆಮೇಲೆ ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಒಂದೊಂದೇ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದತೊಡಗಿದರು. ಬ್ರೆಡ್ಡಿನಲ್ಲಿ ಸಕ್ಕರೆ, ಟೊಮ್ಯಾಟೊ ಸಾಸಿನಲ್ಲಿ ಸಕ್ಕರೆ, ಆರೋಗ್ಯಕ್ಕೆ ಒಳ್ಳೆಯದೆಂದು ಬರೆದ ಬಿಸ್ಕತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಅಂಗಡಿಯವನು ಇವರನ್ನು ಕಂಡರೆ ಫೋನು ತೆಗೆದು ಬೇರೆ ಕಡೆ ತಿರುಗುತ್ತಿದ್ದ. ಕೊನೆಗೆ ಅವರ ಕಣ್ಣು ಬಿದ್ದದ್ದು ಸಾರಿನ ಮೇಲೆ.

ನಮ್ಮ ಕಡೆ ಸಾರಿಗೆ, ಹುಳಿಗೆ, ಗೊಜ್ಜಿಗೆ ಬೆಲ್ಲದ ಚೂರು ಬೀಳಲೇಬೇಕು. ಅದನ್ನು ಸಿಹಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಉಪ್ಪಿನ ಹಾಗೆ ಅದೂ ಒಂದು.

"ಬೆಲ್ಲ ಸಕ್ಕರೆ ಅಲ್ಲ ಕಣೇ ನೀಲಾ, ಒಗ್ಗರಣೆ ಸಾಮಾನು ಅದು," ಎಂದು ಬಸವರಾಜಣ್ಣ ವಾದ ಮಾಡಿದರು.

"ರಕ್ತಕ್ಕೆ ಅದು ಗೊತ್ತಾಗಲ್ಲ ರೀ," ಎಂದರು ನೀಲಕ್ಕ. ಅವತ್ತಿನಿಂದ ಆ ಮನೆಯ ಸಾರು ಬರೀ ಹುಣಸೆ ನೀರು. ನಾನು ಒಮ್ಮೆ ತಿಂದು ಎರಡನೇ ಸಲ ಹೊಟ್ಟೆ ತುಂಬಿದೆ ಅಂದೆ. ಬಸವರಾಜಣ್ಣ ದಿನಾ ತಿಂದರು.

ಕೆಲಸವೇನೋ ಆಯಿತು, ಇಲ್ಲವೆನ್ನಲಾರೆ. ಹೊಟ್ಟೆ ಇಳಿಯಿತು, ರಿಪೋರ್ಟು ನೋಡಿ ಡಾಕ್ಟರು ಭೇಷ್ ಎಂದರು. ಇಂಜೆಕ್ಷನ್ ಇದ್ದಾಗ ಸಕ್ಕರೆ ತೀರಾ ಕೆಳಗೂ ಇಳಿಯಬಹುದು, ಬೆವರಿ ಕೈ ನಡುಗಿದರೆ ತಕ್ಷಣ ಏನಾದರೂ ಸಿಹಿ ತಿನ್ನಬೇಕು ಎಂದೂ ಹೇಳಿದ್ದರು. ನೀಲಕ್ಕ ಅದನ್ನೂ ಪಾಲಿಸಿದರು. ಗಂಡನ ಜೇಬಿಗೆ ಪೆಪ್ಪರ್‌ಮಿಂಟು ಹಾಕಿ ಕಳಿಸಿದರು. ಅವರು ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಮುಗಿಸುತ್ತಿದ್ದರು. ಗ್ಲೂಕೋಸ್ ಪುಡಿಯ ಡಬ್ಬಿ ತಂದಿಟ್ಟರೆ ಚಮಚದಲ್ಲಿ ನೆಕ್ಕಿದರು. ಆಗ ನೀಲಕ್ಕ ಜೇಬು ಖಾಲಿ ಮಾಡಿ, ಡಬ್ಬಿಯನ್ನು ಮೇಲೆ ತಂದು ನನ್ನ ಕೈಗೆ ಕೊಟ್ಟರು.

"ನಿಮ್ಮನೇಲಿ ಇರಲಿ ಪದ್ಮಾ. ಬೇಕಾದ್ರೆ ಓಡಿಬಂದು ತಗೋತೀನಿ. ಅವರು ಕೇಳಿದ್ರೆ ಮಾತ್ರ ಕೊಡಬೇಡ."

ಇನ್ನೊಂದು ಕಡೆ ಸೋರುತ್ತಿತ್ತು. ಗೇಟಿನ ಪಕ್ಕದ ಕಿಶನ್‌ನ ಚಹಾ ಅಂಗಡಿ. ನೀಲಕ್ಕ ಸ್ವತಃ ಹೋಗಿ ಬಾಬೂಜಿಗೆ ಫೀಕೀ ಚಹಾ ಮಾತ್ರ, ಅಂದರೆ ಸಕ್ಕರೆ ಹಾಕದ್ದು, ಅವರು ಏನೇ ಹೇಳಿದರೂ ಒಂದು ಹರಳು ಬೀಳಬಾರದು ಎಂದು ಅವನಿಂದ ಮಾತು ತೆಗೆದುಕೊಂಡರು. ಕಿಶನ್ ಮಾತಿನ ಮನುಷ್ಯ. ಅವತ್ತಿನಿಂದ ದಿನಾ ಸಂಜೆ ಅಲ್ಲೊಂದು ನಾಟಕ. ಬಸವರಾಜಣ್ಣ ಎದೆ ಹಿಡಿದುಕೊಂಡು, "ಒಂದೇ ಚಮಚ ಕಿಶನ್, ನೋಡು ಕೈ ನಡುಗ್ತಿದೆ, ಈಗ ಬಿದ್ದುಬಿಡ್ತೀನಿ" ಎಂದು ಹಿಂದಿಯಲ್ಲಿ ಗೋಗರೆಯುವುದು. ಕಿಶನ್ ಕಿವಿ ಹಿಡಿದುಕೊಂಡು, "ಭಾಭೀಜಿ ನನ್ನನ್ನು ಬಿಡಲ್ಲ ಬಾಬೂಜಿ" ಎಂದು ಸಪ್ಪೆ ಚಹಾ ಕೊಡುವುದು. ಬೆಂಚಿನ ಮೇಲೆ ಕೂತವರೆಲ್ಲ ನಗುತ್ತಿದ್ದರು. ನಾನೂ ಎಷ್ಟೋ ಸಲ ತರಕಾರಿ ಚೀಲ ಹಿಡಿದುಕೊಂಡು ನಿಂತು ನಕ್ಕಿದ್ದೇನೆ.

ಕಳೆದ ಶಿವರಾತ್ರಿಯ ಬೆಳಿಗ್ಗೆ ಬಿಲ್ವಪತ್ರೆ ಕೊಡಲು ಅವರ ಮನೆಗೆ ಹೋದೆ. ಇಂಜೆಕ್ಷನ್ ಆಗಿತ್ತು, ಬಸವರಾಜಣ್ಣ ಲಿಂಗಪೂಜೆಗೆ ಕೂತಿದ್ದರು. ಹುಡುಗನಾಗಿದ್ದಾಗಿನಿಂದ ಅವರು ಶಿವರಾತ್ರಿ ಉಪವಾಸ ಬಿಟ್ಟವರಲ್ಲ. ಆದರೆ ಅವರ ಮನೆಯ ಉಪವಾಸ ಎಂದರೆ ಹಸಿದಿರುವುದಲ್ಲ. ಹುರಿಗಡಲೆ, ಎಳ್ಳು, ಬೆಲ್ಲ ಹಾಕಿ ಕಟ್ಟಿದ ತಂಬಿಟ್ಟು, ಬಾಳೆಹಣ್ಣು, ಬೆಲ್ಲದ ಹಾಲು, ಇಷ್ಟು ತಿಂದರೆ ಮಾಮೂಲಿ ಊಟಕ್ಕಿಂತ ಭಾರ. ಈ ಸಲ ತಟ್ಟೆಯಲ್ಲಿ ಸೌತೆಕಾಯಿ ಹೋಳು, ಒಂದು ಲೋಟ ಹಾಲು.

"ತಂಬಿಟ್ಟು ಮಾಡಿಲ್ವಾ ನೀಲಕ್ಕ?" ಎಂದೆ.

"ಕಡಲೆ ಎಷ್ಟೋ ಬೆಲ್ಲಾನೂ ಅಷ್ಟೇ ಅದರಲ್ಲಿ. ಬೇಡ ಅಂತ ಬಿಟ್ಟೆ."

"ಹಾಗಿದ್ರೆ ಊಟ ಮಾಡಲಿ ಬಿಡಿ."

"ವ್ರತ ಬಿಡೋಕಾಗುತ್ತಾ? ಇಂಜೆಕ್ಷನ್ನೂ ಬಿಡೋಕಾಗಲ್ಲ," ಎಂದರು. ಎರಡನ್ನೂ ಬಿಡಬಾರದು ಎಂದು ಎರಡು ಕಡೆಯ ದೊಡ್ಡವರು ಹೇಳಿದ್ದಾರೆ, ಎರಡನ್ನೂ ಪಾಲಿಸಿದರೆ ತಪ್ಪು ಹೇಗಾಗುತ್ತದೆ. ಅವರಿಗೆ ಹಾಗೆ ಅನ್ನಿಸಿತು, ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

ಬಸವರಾಜಣ್ಣ ವಿಭೂತಿ ಹಣೆಯಲ್ಲೇ ನನ್ನ ಕಡೆ ತಿರುಗಿ, "ಪದ್ಮಮ್ಮ, ಈ ವರ್ಷ ಶಿವನಿಗೂ ಡಯಟ್" ಎಂದರು. ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು.

ಸಂಜೆ ನಾನೂ ನೀಲಕ್ಕನೂ ಹತ್ತಿರದ ಶಿವನ ಗುಡಿಗೆ ಹೊರಟೆವು. ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಬೀಗ ಹಾಕಿದೆ. ಬಸವರಾಜಣ್ಣ ಸುಸ್ತು ಎಂದು ಮಲಗಿದ್ದರು. ಉಪವಾಸ ಇದ್ದವರಿಗೆ ಸುಸ್ತಾಗದೆ ಇನ್ನೇನು ಎಂದು ನೀಲಕ್ಕ ಹೊದಿಕೆ ಹೊದಿಸಿ ಬಂದಿದ್ದರು. ಗುಡಿಯಲ್ಲಿ ಉದ್ದನೆಯ ಸಾಲು. ನಾವು ಹಾಲಿನ ಪೊಟ್ಟಣ ಹಿಡಿದುಕೊಂಡು ನಿಂತೆವು.

ಆಮೇಲಿನದ್ದು ಕಿಶನ್ ಹೇಳಿದ್ದು. ಬಾಬೂಜಿ ಮಾಮೂಲಿಗಿಂತ ನಿಧಾನವಾಗಿ ಬಂದರಂತೆ. ಫೆಬ್ರವರಿಯ ಚಳಿಯಲ್ಲೂ ಬೆವರಿದ್ದರಂತೆ, ಅಂಗಿ ಮೈಗೆ ಅಂಟಿತ್ತಂತೆ. "ಕಿಶನ್, ಸಕ್ಕರೆ ಹಾಕು, ಕೈ ನಡುಗ್ತಿದೆ" ಎಂದರಂತೆ. ಬೆಂಚಿನವರು ನಕ್ಕರು. ಕಿಶನ್ ಕಿವಿ ಹಿಡಿದುಕೊಂಡ. ಇನ್ನೊಂದು ಸಲ ಕೇಳಿದರು, ಆದರೆ ಮಾತು ತೊದಲಿತು. ಇವತ್ತು ನಾಟಕ ಜೋರಾಗಿದೆ ಎಂದು ಯಾರೋ ಅಂದರು. ಕಿಶನ್ ಸಪ್ಪೆ ಚಹಾ ಕೊಟ್ಟ. ಅವರು ಅದನ್ನು ಅರ್ಧ ಕುಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಬಂದಿದೆ ಎಂದು ಕಿಶನ್ ತನ್ನ ಶಾಲು ಹೊದಿಸಿದ.

ನಾವು ಪ್ರಸಾದ ಹಿಡಿದುಕೊಂಡು ಗೇಟಿಗೆ ಬಂದಾಗ ಅವರು ಹಾಗೇ ಕೂತಿದ್ದರು. ನೀಲಕ್ಕ ಭುಜ ಮುಟ್ಟಿ, "ರೀ, ಏಳಿ, ಮನೆಗೆ ಹೋಗೋಣ" ಎಂದರು. ತಲೆ ಪಕ್ಕಕ್ಕೆ ಜಾರಿತು.

ಆಸ್ಪತ್ರೆಯಲ್ಲಿ ಒಂದು ವಾರ ಉಸಿರಾಡಿದರು, ಎಚ್ಚರವಾಗಲಿಲ್ಲ. ರಕ್ತದಲ್ಲಿ ಸಕ್ಕರೆ ಬಹಳ ಹೊತ್ತು ತೀರಾ ಕೆಳಗಿತ್ತು, ಮೆದುಳಿಗೆ ಪೆಟ್ಟಾಗಿದೆ ಎಂದರು ಅಲ್ಲಿಯ ಡಾಕ್ಟರು. ಬೆಳಗಿನಿಂದ ಏನು ತಿಂದಿದ್ದರು ಎಂದು ಕೇಳಿದಾಗ ನೀಲಕ್ಕ "ಸೌತೆಕಾಯಿ" ಎಂದರು. ಒಂದು ಚಮಚ ಸಕ್ಕರೆ ಕೊಟ್ಟಿದ್ದರೂ ಸಾಕಾಗಿತ್ತು ಎಂದು ಆತ ಅರ್ಧ ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಹಾಸಿಗೆಗೆ ಹೋದ. ಆತನ ಮೇಲೆ ನನಗೆ ಕೋಪ ಬಂತು. ಹೇಳದೆ ಇರಬಹುದಾಗಿದ್ದ ಮಾತು ಅದು.

ದೇಹವನ್ನು ತಿಪಟೂರಿಗೆ ಒಯ್ದು ಮಣ್ಣು ಮಾಡಿ ಬಂದರು. ಗುರುಗ್ರಾಮದಲ್ಲಿ ಕೆಲಸದಲ್ಲಿರುವ ಮಗಳು ಸ್ಫೂರ್ತಿ ರಜೆ ಹಾಕಿ ಜೊತೆಗಿದ್ದಳು. "ಅಮ್ಮಾ, ಕುಛ್ ತೋ ಬೋಲೋ, ಏನಾದ್ರೂ ಮಾತಾಡು. ಅಳು ಬೇಕಾದ್ರೆ, ಪ್ಲೀಸ್," ಎನ್ನುತ್ತಿದ್ದಳು. ನೀಲಕ್ಕ ಅಕ್ಕಿ ಆರಿಸುತ್ತಿದ್ದರು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಹಾಕಿಕೊಳ್ಳುತ್ತಿದ್ದರು.

ಸೊಸೈಟಿಯ ಹೆಂಗಸರು ಸಾಲಾಗಿ ಬಂದರು. ಸಕ್ಕರೆ ಕಾಯಿಲೆಯಿಂದ ಸತ್ತವರು ಎಂದ ಮೇಲೆ ಕದ್ದು ಸಿಹಿ ತಿಂದೇ ಸತ್ತಿರಬೇಕು ಎಂದು ಅವರಾಗಿಯೇ ತೀರ್ಮಾನಿಸಿದ್ದರು. "ನೀವು ಎಷ್ಟು ಕಂಟ್ರೋಲ್ ಮಾಡಿದಿರಿ, ಅವರೇ ಕೇಳಲಿಲ್ಲ" ಎಂದು ನೀಲಕ್ಕನ ಕೈ ಹಿಡಿದು ಹೊಗಳಿದರು. ನನಗೆ ಎದ್ದು ಅವರನ್ನೆಲ್ಲ ಹೊರಗೆ ದಬ್ಬಬೇಕು ಅನ್ನಿಸಿತು. ನೀಲಕ್ಕ ಸುಮ್ಮನೆ ಹೂಂ ಎಂದರು. ಆ ಹೆಂಗಸರು ಹೋದ ಮೇಲೆ, "ಅವರು ಕೇಳಿದ್ರು ಪದ್ಮಾ, ಎಲ್ಲಾ ಕೇಳಿದ್ರು" ಎಂದರು, ಬೇರೆ ಯಾರದೋ ಮನೆಯ ವಿಷಯದ ಹಾಗೆ.

ಮಗಳು ಕೆಲಸಕ್ಕೆ ಮರಳಿದಳು. ನೀಲಕ್ಕ ಏಳುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಸಾರು ಮಾಡುತ್ತಿದ್ದರು. ಬೆಲ್ಲ ಹಾಕುತ್ತಿರಲಿಲ್ಲ. ಇನ್ನು ಯಾರಿಗೋಸ್ಕರ ಈ ಪಥ್ಯ ಎಂದು ಒಂದು ದಿನ ಬಾಯಿಬಿಟ್ಟು ಕೇಳಿದೆ. "ಕೈ ಹೋಗಲ್ಲ" ಎಂದರು. ನಾನೇ ಬೆಲ್ಲ ತಂದು ಅವರ ಸಾರಿಗೆ ಹಾಕಿ ಕುದಿಸಿ ಕೊಟ್ಟೆ. ತಿಂದರು. ಹೇಗಿದೆ ಎಂದರೆ ಇದೆ ಎಂದರು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಕಿಶನ್ ಕೆಲವು ದಿನ ಅಂಗಡಿ ತೆರೆಯಲಿಲ್ಲ. ತೆರೆದ ಮೇಲೂ ನೀಲಕ್ಕ ಗೇಟಿನಲ್ಲಿ ಕಂಡರೆ ಸ್ಟವ್ ಹಿಂದೆ ಬಗ್ಗಿಬಿಡುತ್ತಿದ್ದ. ನನ್ನ ಹತ್ತಿರ ಒಮ್ಮೆ, "ದೀದಿ, ಬಾಬೂಜಿ ದಿನಾ ಹಾಗೇ ಕೇಳ್ತಿದ್ರು. ದಿನಾ" ಎಂದಷ್ಟೇ ಹೇಳಿ ಲೋಟ ತೊಳೆಯತೊಡಗಿದ.

ನಮ್ಮ ಮನೆಯ ಕಪಾಟಿನಲ್ಲಿ ಆ ಗ್ಲೂಕೋಸ್ ಡಬ್ಬಿ ಹಾಗೇ ಇತ್ತು. ಶಿವರಾತ್ರಿಯ ಸಂಜೆ ಬಸವರಾಜಣ್ಣ ಮೊದಲು ನಮ್ಮ ಬಾಗಿಲಿಗೆ ಬಂದು ಬೀಗ ನೋಡಿ ಇಳಿದು ಹೋದರೋ ಏನೋ, ಹೇಳುವವರು ಯಾರೂ ಇಲ್ಲ. ಡಬ್ಬಿ ಎಸೆಯಲೂ ಆಗದೆ, ನೋಡಲೂ ಆಗದೆ ಮೇಲೊಂದು ಬಟ್ಟೆ ಮುಚ್ಚಿದ್ದೆ.

ಮಳೆಗಾಲ ಕಳೆಯುತ್ತಿದ್ದ ಒಂದು ಸಂಜೆ ನೀಲಕ್ಕ ತಾವಾಗಿ ಮೇಲೆ ಬಂದು ಆ ಡಬ್ಬಿ ಕೇಳಿದರು. ಕೊಟ್ಟೆ. ನನ್ನನ್ನೂ ಕರೆದುಕೊಂಡು ಗೇಟಿಗೆ ನಡೆದರು. ಕಿಶನ್‌ಗೆ ಬಗ್ಗಲು ಸಮಯ ಸಿಗಲಿಲ್ಲ, ಚಹಾ ಸೋಸುವ ಜರಡಿ ಹಿಡಿದು ಹಾಗೇ ನಿಂತ. ನೀಲಕ್ಕ ಹಿಂದಿಯಲ್ಲಿ, ಆಫೀಸಿನ ಧ್ವನಿಯಲ್ಲಿ, ಹೇಳಿದರು:

"ಕಿಶನ್, ನಾನು ಹೇಳಿದ್ದನ್ನೇ ನೀನು ಮಾಡಿದೆ. ನಿನ್ನದೇನೂ ತಪ್ಪಿಲ್ಲ."

ಕಿಶನ್‌ನ ಕಣ್ಣು ತುಂಬಿತು. ಆ ಮಾತು ಅವನ ತಲೆಯ ಭಾರ ಎತ್ತಿ ಎಲ್ಲಿ ಇಟ್ಟಿತೆಂದು ನನಗೆ ಗೊತ್ತಾಗಿತ್ತು. ನೀಲಕ್ಕ ಡಬ್ಬಿಯನ್ನು ಅವನ ಸಕ್ಕರೆ ಡಬ್ಬದ ಪಕ್ಕದಲ್ಲಿಟ್ಟರು.

"ಯಾರಾದರೂ ಕೈ ನಡುಗುತ್ತಿದೆ ಅಂದರೆ ಇದನ್ನು ಕೊಡು. ತಮಾಷೆ ಮಾಡ್ತಿದ್ದಾರೆ ಅನ್ನಿಸಿದರೂ ಕೊಡು."

ಅವನು ತಲೆಯಾಡಿಸಿದ. ನೀಲಕ್ಕ ಬೆಂಚಿನ ಗೋಡೆ ಕಡೆಯ ತುದಿಯಲ್ಲಿ ಕೂತು ಒಂದು ಚಹಾ ಕೇಳಿದರು. ಕಿಶನ್ ಸಕ್ಕರೆ ಚಮಚ ಹಿಡಿದುಕೊಂಡು ಅವರನ್ನೇ ನೋಡಿದ.

"ಹಾಕು," ಎಂದರು.

ಎರಡು ಚಮಚ ತುಂಬಿ ಹಾಕಿದ. ನೀಲಕ್ಕ ನಿಧಾನವಾಗಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಎದ್ದರು. ಲಿಫ್ಟಿಗೆ ಕಾಯುವಾಗ ನಾನು ತಡೆಯಲಾರದೆ ಕೇಳಿದೆ.

"ಸಿಹಿ ಇತ್ತಾ ನೀಲಕ್ಕ?"

ಅವರು ಲಿಫ್ಟಿನ ಗುಂಡಿ ಇನ್ನೊಮ್ಮೆ ಒತ್ತಿದರು.

"ಬಿಸಿ ಇತ್ತು," ಎಂದರು.